ಅಜ್ಜ ತುಳಿದ ಒಂಬತ್ತು ಮೈಲಿ

ಇಷ್ಟೆಲ್ಲ ಆದದ್ದು ಆಮಂತ್ರಣ ಪತ್ರಿಕೆಯ ಕೆಳಗೆ ಎರಡು ಬೆರಳಿನಷ್ಟು ಜಾಗ ಖಾಲಿ ಉಳಿದದ್ದರಿಂದ. "ಹೀಗೇ ಬಿಟ್ಟರೆ ಬೋಳುತಲೆ ಥರ ಕಾಣುತ್ತಮ್ಮಾ, ಏನಾದರೂ ಸೇರಿಸಿ" ಎಂದು ಪ್ರೆಸ್ಸಿನವನು ಹೇಳಿದ. ಅತ್ತೆ ನಿಂತಲ್ಲೇ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಒಂದು ಸಾಲು ಸೇರಿಸಿದರು. ಅಷ್ಟೇ.

ಅಂಗಡಿಯ ಎಪ್ಪತ್ತೈದನೇ ವರ್ಷದ ಸಮಾರಂಭದ ದಿನ ಬೆಳಿಗ್ಗೆ ಏಳು ಗಂಟೆಗೆ ಆ ಪತ್ರಿಕೆ ಕೈಗೆ ಬಂದಾಗ ಗುಂಗಣ್ಣ ಚಹಾ ಕುಡಿಯುತ್ತಿದ್ದ. ಅವನ ನಿಜವಾದ ಹೆಸರು ಬೇರೆ. ಸದಾ ಯಾವುದೋ ಗುಂಗಿನಲ್ಲಿರುತ್ತಾನೆಂದು ಬೀದಿಯವರು ಇಟ್ಟ ಹೆಸರು ಇದು. ಮದುವೆಯಾದ ಮೂರನೇ ತಿಂಗಳಿಗೆ ಹೆಂಡತಿಗೂ ನಿಜವಾದದ್ದು ಮರೆತುಹೋಗಿತ್ತು. ಮನೆಯ ಕೆಳಗೆ ಸೈಕಲ್ಲಿನ ಹೋಲ್‌ಸೇಲ್ ಅಂಗಡಿ, ಹಿಂದೆ ಉದ್ದಕ್ಕೆ ಗೋದಾಮು. ಅಂಗಡಿಯ ಗಲ್ಲಾದಲ್ಲಿ ಅಪ್ಪ, ಕಾಗದಪತ್ರಕ್ಕೆ ಅಪ್ಪನ ಅಕ್ಕ, ಅಂದರೆ ಅತ್ತೆ; ಗೋದಾಮಿಗೆ ಗುಂಗಣ್ಣ. ಅವನಿಗೆ ಆ ಜಾಗವೇ ಸ್ವರ್ಗ. ಟೈರುಗಳ ರಾಶಿಯ ಮೇಲೆ ಮಲಗಿದರೆ ಹೊಸ ರಬ್ಬರಿನ ವಾಸನೆ ನಿಧಾನವಾಗಿ ತಲೆಗೇರುತ್ತಿತ್ತು. ಸೂರಿನ ಗಾಜಿನಿಂದ ಬಿಸಿಲು ಕೋಲಾಗಿ ಇಳಿಯುತ್ತಿತ್ತು, ಮೇಲೆ ತೂಗುಹಾಕಿದ ರಿಮ್ಮುಗಳು ಹಗಲಲ್ಲೇ ಹುಟ್ಟಿದ ನೂರು ಚಂದ್ರರಂತೆ ತೂಗುತ್ತಿದ್ದವು. ಚಕ್ರವನ್ನು ಒಂದು ಸುತ್ತು ತಿರುಗಿಸಿ, ಕಣ್ಣು ಮುಚ್ಚಿ, ಯಾವ ಕಡ್ಡಿ ಸಡಿಲವಾಗಿದೆಯೆಂದು ಅವನು ಸದ್ದಿನಲ್ಲೇ ಹೇಳಬಲ್ಲ.

ಅತ್ತೆ ಪತ್ರಿಕೆಯನ್ನು ಗಟ್ಟಿಯಾಗಿ ಓದತೊಡಗಿದರು. ಅವರು ಮೆಲ್ಲಗೆ ಓದಿದರೂ ಮೂರು ಮನೆ ಆಚೆಗೆ ಕೇಳುತ್ತದೆ.

"ಎಪ್ಪತ್ತೈದು ವರ್ಷಗಳ ಹಿಂದೆ, ಕೈಯಲ್ಲಿ ಒಂದೇ ಒಂದು ಸೈಕಲ್ಲು ಇದ್ದ ನಮ್ಮ ತಂದೆಯವರು, ಅದನ್ನೇರಿ ಒಂಬತ್ತು ಮೈಲಿ ಬಿರುಗಾಳಿಯಂತೆ ತುಳಿದು, ಪಕ್ಕದ ಊರಿನ ಸೈಕಲ್ ಅಂಗಡಿಗೆ ಹೋಗಿ, ಆರು ಸೈಕಲ್ಲುಗಳ ಆರ್ಡರು ತಂದರು. ಆ ಆರು ಅರವತ್ತಾಯಿತು, ಅರವತ್ತು ಆರು ಸಾವಿರವಾಯಿತು. ನಲವತ್ತು ಊರುಗಳ ಅಂಗಡಿಗಳು ಇಂದು ನಮ್ಮಿಂದಲೇ ಸರಕು ಒಯ್ಯುತ್ತವೆ. ಮೋಟಾರುಗಳ ಕಾಲ ಬಂದಾಗ 'ಇವರ ಕತೆ ಮುಗೀತು' ಎಂದವರೆಲ್ಲ ಈಗ ಹೊಟ್ಟೆ ಕರಗಿಸಲು ನಮ್ಮಲ್ಲೇ ಸೈಕಲ್ಲು ಕೊಳ್ಳುತ್ತಿದ್ದಾರೆ."

"ಚೆನ್ನಾಗಿದೆ ಅತ್ತೆ" ಎಂದ ಗುಂಗಣ್ಣ, ಬಿರುಗಾಳಿಯಂತೆ ಹೋಗುತ್ತಿದ್ದ ಅಜ್ಜನನ್ನು ಮನಸ್ಸಿನಲ್ಲೇ ಹಿಂಬಾಲಿಸುತ್ತ.

"ಇನ್ನೊಂದು ಸಾಲಿದೆ ಕೇಳು. 'ಅದೇ ಸೈಕಲ್ಲನ್ನು ಇಂದು ಸಂಜೆ ನಾಲ್ಕಕ್ಕೆ ಅವರ ಮೊಮ್ಮಗ ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ತುಳಿದು ತೋರಿಸಲಿದ್ದಾರೆ.'"

ಗುಂಗಣ್ಣನ ಗಂಟಲಿನಲ್ಲಿ ಚಹಾ ಅರ್ಧಕ್ಕೇ ನಿಂತಿತು. ಏಕೆಂದರೆ ಅವನಿಗೆ ಸೈಕಲ್ ಬರುತ್ತಿರಲಿಲ್ಲ.

ಏಳನೇ ವಯಸ್ಸಿನಲ್ಲಿ ಒಮ್ಮೆ ಬಿದ್ದಿದ್ದ. ಎಂಟರಲ್ಲಿ ಕಲಿತರಾಯಿತು ಅಂದುಕೊಂಡ, ಒಂಬತ್ತರಲ್ಲಿ ನಾಚಿಕೆಯಾಯಿತು, ಹದಿನೈದರಲ್ಲಿ ಅದು ಹೊರಗೆ ಹೇಳಲಾಗದ ಗುಟ್ಟಾಯಿತು. ಈಗ ಅವನಿಗೆ ಮೂವತ್ತಾರು. ಮೀನು ಮಾರುವವನಿಗೆ ಈಜು ಬರದಿದ್ದರೆ ಯಾರೂ ಕೇಳುವುದಿಲ್ಲ. ಸೈಕಲ್ ಮಾರುವವನಿಗೆ ಸೈಕಲ್ ಬರುವುದಿಲ್ಲ ಎಂದರೆ ಊರು ಬಿಡಬೇಕು.

"ಅತ್ತೆ, ನನಗೆ ಮಂಡಿ ನೋವು" ಎಂದ.

ಅದೇ ಅವನು ಮಾಡಿದ ಮೊದಲ ತಪ್ಪು. ಎದುರು ಅಂಗಡಿಯ ಟೈಲರು ಪತ್ರಿಕೆ ಇಸಿದುಕೊಳ್ಳಲು ಆಗಷ್ಟೇ ಒಳಗೆ ಬಂದಿದ್ದ. ಕತ್ತಿನಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ನೆಲಕ್ಕೆ ಕೂತು ಗುಂಗಣ್ಣನ ಕಾಲು ಹಿಡಿದ.

"ಯಾವ ಮಂಡಿ? ಇದಾ?" ಎಂದು ಒಂದು ತಿರುವು ತಿರುಗಿಸಿದ.

"ಅಯ್ಯಪ್ಪಾ!"

"ಸಿಕ್ತು ನೋಡಿ! ನಮ್ಮ ಮಾವನಿಗೂ ಇಲ್ಲೇ ಇತ್ತು. ಸೈಕಲ್ ತುಳಿದ್ರೇ ಹೋಗೋದು ಇದು. ಬೇರೆ ಔಷಧಿ ಇಲ್ಲ."

ಅಷ್ಟರವರೆಗೆ ಚೆನ್ನಾಗಿದ್ದ ಮಂಡಿ ಆಗಿನಿಂದ ನಿಜವಾಗಿ ನೋಯತೊಡಗಿತು. ಗುಂಗಣ್ಣ ಇನ್ನೊಂದು ದಾರಿ ಹಿಡಿದ. "ಅಜ್ಜನ ಸೈಕಲ್ಲು ತುಕ್ಕು ಹಿಡಿದು ಕೂತಿದೆ ಅತ್ತೆ. ನಡುಬೀದಿಯಲ್ಲಿ ಮುರಿದುಬಿದ್ದರೆ ಮನೆತನದ ಮರ್ಯಾದೆ ಹೋಗಲ್ವಾ?"

"ಅದಕ್ಕೇ ನಿನ್ನೆಯೇ ಫಿಟ್ಟರಿಗೆ ಹೇಳಿದ್ದೆ" ಎಂದರು ಅತ್ತೆ.

ಫಿಟ್ಟರ್ ನಲವತ್ತು ವರ್ಷದಿಂದ ಅಂಗಡಿಯಲ್ಲಿದ್ದವನು. ಅವನು ಹೆಮ್ಮೆಯಿಂದ ಸೈಕಲ್ಲನ್ನು ಅಂಗಳಕ್ಕೆ ತಂದ. ಕಪ್ಪು ಬಣ್ಣ ಕನ್ನಡಿಯಾಗಿತ್ತು. ಹಳೆಯ ಕಾಲದ ದೊಡ್ಡ ಚೈನ್ ಕವರು ಫಳಫಳ ಹೊಳೆಯುತ್ತಿತ್ತು. ಹಿಂದಿನ ಚಕ್ರವನ್ನೆತ್ತಿ ಒಮ್ಮೆ ತಿರುಗಿಸಿದರೆ, ಅದು ಟೈಲರು ತನ್ನ ಮಾವನ ಮಂಡಿಯ ಕತೆ ಹೇಳಿ ಮುಗಿಸಿದರೂ ನಿಲ್ಲಲಿಲ್ಲ.

ಆಗ ಗುಂಗಣ್ಣನ ಹೆಂಡತಿ ಬಾಗಿಲ ಮರೆಯಿಂದ ಕಣ್ಣಲ್ಲೇ ಕರೆದಳು.

"ಗೋದಾಮಿಗೆ ನಡೀರಿ. ನಾನು ಕಲಿಸ್ತೀನಿ."

"ಏನು ಕಲಿಸ್ತೀಯ?"

"ಗೊತ್ತಿಲ್ಲದವರ ಥರ ಮಾತಾಡ್ಬೇಡಿ. ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ. ಸೈಕಲ್ ತಳ್ಕೊಂಡು ಮಾರ್ಕೆಟ್ಟಿಗೆ ಹೋಗ್ತೀರಿ, ತಳ್ಕೊಂಡು ವಾಪಸ್ ಬರ್ತೀರಿ. ಕೇಳಿದ್ರೆ ಪಂಚರ್ ಅಂತೀರಿ. ಒಬ್ಬ ಮನುಷ್ಯನಿಗೆ ಎಷ್ಟು ಸಲರೀ ಪಂಚರ್ ಆಗುತ್ತೆ?"

ಗುಂಗಣ್ಣ ಕಾಲಿನ ಹೆಬ್ಬೆರಳು ನೋಡುತ್ತ ನಿಂತ. "ನಿನಗೆ ಬರುತ್ತಾ?"

"ಹೈಸ್ಕೂಲಿಗೆ ಮೂರು ವರ್ಷ ಇನ್ನೇನ್ ಮೇಲೆ ಹೋದೆ ಅಂದ್ಕೊಂಡ್ರಿ?"

ಗೋದಾಮಿನ ಬಾಗಿಲು ಹಾಕಿಕೊಂಡು ಪಾಠ ಶುರುವಾಯಿತು. ಸ್ಟಾಕಿನಿಂದ ಒಂದು ಸೈಕಲ್ಲು ತೆಗೆದು ಅವಳು ಹಿಂದಿನ ಕ್ಯಾರಿಯರ್ ಹಿಡಿದುಕೊಂಡಳು. ಮೊದಲ ಸಲ ಅವನು ಟ್ಯೂಬಿನ ಡಬ್ಬಿಗಳ ಮೇಲೆ ಬಿದ್ದ. ಎರಡನೇ ಸಲ ಸೀಟುಗಳ ರಾಶಿಗೆ ಮುಖ ಕೊಟ್ಟ. ಮೂರನೇ ಸಲ ಹನ್ನೆರಡು ಡಜನ್ ಬೆಲ್ಲುಗಳಿದ್ದ ಪೆಟ್ಟಿಗೆಯೊಂದಿಗೆ ನೆಲಕ್ಕುರುಳಿದ. ನೂರಾನಲವತ್ತನಾಲ್ಕು ಬೆಲ್ಲುಗಳೂ ಒಟ್ಟಿಗೆ ಬಾಯಿ ಬಿಟ್ಟವು.

ಕಿಟಕಿಯಲ್ಲಿ ಟೈಲರನ ತಲೆ ಕಾಣಿಸಿತು. "ಏನಮ್ಮಾ ಅದು ಸದ್ದು?"

"ಸ್ಟಾಕ್ ನೋಡ್ತಿದ್ದೀವಿ!"

"ಇವರ್ಯಾಕೆ ಮಲಗಿದ್ದಾರೆ?"

"ಅವರು ಯಾವಾಗಲೂ ಮಲಗೇ ನೋಡೋದು!"

ಟೈಲರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಹೊರಟುಹೋದ.

ಎಷ್ಟನೆಯ ಸಲವೋ ಗೊತ್ತಿಲ್ಲ, ಮಧ್ಯಾಹ್ನದ ಹೊತ್ತಿಗೆ, ಗುಂಗಣ್ಣ ತುಳಿಯುತ್ತ "ಹಿಡ್ಕೊಂಡಿದ್ದೀಯಾ?" ಎಂದು ಕೇಳಿದ. ಉತ್ತರ ದೂರದಿಂದ ಬಂತು. "ಬಿಟ್ಟು ಬಹಳ ಹೊತ್ತಾಯ್ತು."

ಅವನು ಬೀಳಲಿಲ್ಲ. ನೆಲವು ತನ್ನಷ್ಟಕ್ಕೆ ತಾನೇ ಹಿಂದೆ ಸರಿಯುತ್ತಿತ್ತು. ರಟ್ಟಿನ ಪೆಟ್ಟಿಗೆಗಳ ಸಾಲು ನದಿಯ ದಡದಂತೆ ತೇಲಿ ಹೋಯಿತು. ಬಿಸಿಲಿನ ಕೋಲಿನೊಳಗೆ ಹೊಕ್ಕರೆ ಮೈಯೆಲ್ಲ ಬೆಚ್ಚಗೆ, ಹೊರಗೆ ಬಂದರೆ ತಣ್ಣಗೆ, ಮತ್ತೆ ಬೆಚ್ಚಗೆ. ಅವನು ಎಬ್ಬಿಸಿದ ಗಾಳಿಗೇ ಮೇಲಿನ ರಿಮ್ಮುಗಳು ಒಂದಕ್ಕೊಂದು ತಾಕಿ ಮೆಲ್ಲಗೆ ಮಾತಾಡಿಕೊಂಡವು. ಇಷ್ಟು ವರ್ಷ ಈ ವಸ್ತುವನ್ನು ಎಣಿಸಿ, ಕಟ್ಟಿ, ಲಾರಿಗೆ ಏರಿಸಿದ್ದ. ಇದರೊಳಗೆ ಇಂಥದೊಂದು ಇದೆಯೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಕಣ್ಣಂಚು ಒದ್ದೆಯಾಯಿತು.

"ಇಳೀರಿ ಇನ್ನು, ಊಟ ಮಾಡಿ" ಎಂದಳು ಹೆಂಡತಿ.

"ಹೇಗೆ ಇಳಿಯೋದು?"

ಅದನ್ನು ಹೇಳಿಕೊಟ್ಟಿರಲಿಲ್ಲ. ಅವಳು ಹೇಳಿಕೊಟ್ಟಳು, ಅವನಿಗೆ ಧೈರ್ಯ ಬರಲಿಲ್ಲ. ಅವಳು ಹೋಗಿ ಊಟ ಮುಗಿಸಿ ಬಂದರೂ ಅವನು ಸುತ್ತುತ್ತಲೇ ಇದ್ದ. ಕೊನೆಗೆ ಟೈರುಗಳ ರಾಶಿಗೆ ಮೆತ್ತಗೆ ಗುದ್ದಿ ಇಳಿದ. ಇಳಿದವನ ಮುಖದಲ್ಲಿ ಅವಳು ಮದುವೆಯ ದಿನವೂ ಕಾಣದ ಕಳೆ ಇತ್ತು.

ನಾಲ್ಕು ಗಂಟೆಗೆ ಬೀದಿ ತುಂಬಿತ್ತು. ಅಂಗಡಿಯ ಮುಂದೆ ಕುರ್ಚಿಗಳು, ಮೈಕು. ಅಪ್ಪ ಇಸ್ತ್ರಿಯ ಅಂಗಿ ತೊಟ್ಟು ಯಾಕೋ ಬೆವರುತ್ತಿದ್ದರು. ನಡುವಿನ ಕುರ್ಚಿಯಲ್ಲಿ ಮುಖ್ಯ ಅತಿಥಿ: ಅಜ್ಜನಿಗೆ ಮೊಟ್ಟಮೊದಲ ಆರ್ಡರು ಕೊಟ್ಟ ಪಕ್ಕದ ಊರಿನ ಅಂಗಡಿಯ ಮಾಲೀಕರು. ತೊಂಬತ್ತೊಂದು ವಯಸ್ಸು, ಒಣಗಿದ ಅಂಜೂರದಂಥ ಮುಖ, ಕಣ್ಣು ಮಾತ್ರ ಚುರುಕು.

ಗುಂಗಣ್ಣ ಅಜ್ಜನ ಸೈಕಲ್ಲಿನ ಪಕ್ಕದಲ್ಲಿ ನಿಂತಿದ್ದ. ಮಂಡಿ, ಮೊಣಕೈ, ಗದ್ದ, ಎಲ್ಲ ಕಡೆ ಪಟ್ಟಿ ಅಂಟಿಸಿಕೊಂಡಿದ್ದರೂ ಎದೆಯಲ್ಲಿ ಭಯದ ಚೂರೂ ಇರಲಿಲ್ಲ. ಯಾವಾಗ ಹತ್ತುತ್ತೇನೋ ಎಂದು ಕಾಲು ಚಡಪಡಿಸುತ್ತಿತ್ತು. ಅತ್ತೆ ಮೈಕಿನ ಅಗತ್ಯವಿಲ್ಲದಿದ್ದರೂ ಮೈಕು ಹಿಡಿದು ಓದಿದರು. "ಅದನ್ನೇರಿ ಒಂಬತ್ತು ಮೈಲಿ ಬಿರುಗಾಳಿಯಂತೆ ತುಳಿದು..."

"ತಪ್ಪು" ಎಂದರು ಅತಿಥಿ.

ಬೀದಿಯೆಲ್ಲ ಅವರತ್ತ ತಿರುಗಿತು.

"ತುಳಿದು ಬರಲಿಲ್ಲಮ್ಮ ನಿಮ್ಮ ತಂದೆ. ತಳ್ಕೊಂಡು ಬಂದ್ರು. ನನಗಾಗ ಹದಿನಾರು ವಯಸ್ಸು, ನಮ್ಮಪ್ಪನ ಅಂಗಡಿ ಬಾಗಿಲಲ್ಲೇ ಕೂತಿದ್ದೆ. ಮೈಯೆಲ್ಲ ಧೂಳು, ಚಪ್ಪಲಿ ಕಿತ್ತುಹೋಗಿತ್ತು. ನಮ್ಮಪ್ಪ ಕೇಳಿದ್ರು, 'ಯಾಕಪ್ಪಾ, ಸೈಕಲ್ ಕೆಟ್ಟೋಯ್ತಾ?' ಅದಕ್ಕೆ ಇವರೇನಂದ್ರು ಗೊತ್ತಾ? 'ಇಲ್ಲ ಸ್ವಾಮಿ. ಮಾರೋ ವಸ್ತು ಇದು. ನಾನು ತುಳಿದ್ರೆ ಹಳೇದಾಗುತ್ತಲ್ಲ' ಅಂದ್ರು. ನಮ್ಮಪ್ಪ ಕಣ್ಣಲ್ಲಿ ನೀರು ಹಾಕ್ಕೊಂಡು ಅಲ್ಲೇ ಆರು ಸೈಕಲ್ಲಿಗೆ ಆರ್ಡರ್ ಕೊಟ್ರು."

ಜನ "ಆಹಾ" ಎಂದರು. ಮುದುಕರು ಒಂದು ಗುಟುಕು ನೀರು ಕುಡಿದರು.

"ಆಮೇಲೆ ಹಿತ್ತಲಲ್ಲಿ ನನ್ನನ್ನ ಮೆಲ್ಲಗೆ ಕರೆದು, 'ತಮ್ಮಾ, ಇದರ ಮೇಲೆ ಹತ್ತೋದು ಹೇಗೋ?' ಅಂತ ಕೇಳಿದ್ರು. ಪಾಪ, ಬರ್ತಿರಲಿಲ್ಲ ಅವರಿಗೆ. ಆಮೇಲೂ ಬರಲಿಲ್ಲ. ಆ ದಿನ ನಾನೇ ನಾಲ್ಕು ಸಲ ಚರಂಡಿಯಿಂದ ಎತ್ತಿದೆ."

ಮೊದಲು ಟೈಲರು ನಕ್ಕ. ಆಮೇಲೆ ಬೀದಿಯೇ ನಕ್ಕಿತು. ಎಪ್ಪತ್ತೈದು ವರ್ಷದ ಬಿರುಗಾಳಿ ಒಂದೇ ನಿಮಿಷದಲ್ಲಿ ಚರಂಡಿಗೆ ಇಳಿದದ್ದನ್ನು ನೋಡಿ ಅತ್ತೆ ಮಾತ್ರ ಕಲ್ಲಾಗಿ ನಿಂತರು. ಆದರೆ ಆ ಕಲ್ಲು ಬಹಳ ಹೊತ್ತು ಕಲ್ಲಾಗಿರಲಿಲ್ಲ. ಕಣ್ಣೊರೆಸಿಕೊಂಡು ಮತ್ತೆ ಮೈಕು ಹಿಡಿದರು.

"ಕೇಳಿದ್ರಲ್ಲಾ! ಮಾರೋ ವಸ್ತು ಹಳೇದಾಗಬಾರದು ಅಂತ ಒಂಬತ್ತು ಮೈಲಿ ನಡೆದ ಪುಣ್ಯಾತ್ಮ! ತುಳಿಯೋದು ಯಾರಿಗೆ ಬರಲ್ಲ? ನಡೆಯೋದು ದೊಡ್ಡದು! ಅದಕ್ಕೇ ಈಗ ಅವರ ಮೊಮ್ಮಗ ಇದೇ ಸೈಕಲ್ಲನ್ನ ತಳ್ಕೊಂಡು, ಅದೇ ಒಂಬತ್ತು ಮೈಲಿ ನಡೆದು, ಅದೇ ಅಂಗಡಿಗೆ ಹೋಗ್ತಾನೆ!"

ಚಪ್ಪಾಳೆ ಸೂರು ಕಿತ್ತುಹೋಗುವಂತೆ ಬಿತ್ತು. ಗುಂಗಣ್ಣ ಅತ್ತೆಯ ಬಳಿಗೆ ಧಾವಿಸಿದ.

"ಅತ್ತೆ, ನಾನು ತುಳೀತೀನಿ ಅತ್ತೆ! ನನಗೆ ಸೈಕಲ್ ಬರುತ್ತೆ!"

"ಬರುತ್ತೆ ಅಂತ ಗೊತ್ತಿಲ್ವೇನೋ? ಬರಲ್ಲ ಅಂತ ಯಾರಾದ್ರೂ ಅಂದ್ರಾ?"

"ಹಾಗಲ್ಲ, ನಿಜವಾಗ್ಲೂ ಬರುತ್ತೆ!"

"ಗದ್ದಕ್ಕೇನು ಪಟ್ಟಿ? ಸರಿ, ಹೊರಡು, ಬೆಳಕಿದ್ದಾಗಲೇ ಮುಟ್ಟಬೇಕು."

ಹೆಂಡತಿ ಏನೋ ಹೇಳಲು ಬಂದಳು. ಟೈಲರು ಅವಳ ಮುಂದೆ ಮಂಡಿಯ ಎಣ್ಣೆಯ ವಿಷಯ ತೆಗೆದ. ಅತಿಥಿ ಅಂಗಡಿಯ ದೀಪ ಹಚ್ಚಿ ಕಾಯುತ್ತೇನೆಂದು ಹೇಳಿ ಕಾರು ಹತ್ತಿದರು. ಫಿಟ್ಟರ್ ಕೊನೆಯ ಸಲ ಒರೆಸಿ ಕೊಡುತ್ತೇನೆಂದು ಸೈಕಲ್ಲನ್ನು ಹತ್ತು ನಿಮಿಷ ಒಳಗೆ ಒಯ್ದು ತಂದುಕೊಟ್ಟ. ಅಪ್ಪ ಹತ್ತಿರ ಬಂದು ಮಗನ ಭುಜ ತಟ್ಟಿ, ಏನೋ ಹೇಳಬೇಕೆಂದು ಬಾಯಿ ತೆರೆದು, "ನಿಧಾನಕ್ಕೆ ಹೋಗಿ ಬಾ" ಎಂದಷ್ಟೇ ಹೇಳಿದರು.

ಮೆರವಣಿಗೆ ಊರಿನ ಅಂಚಿನವರೆಗೆ ಬಂತು. ಅಲ್ಲಿ ಒಬ್ಬನಿಗೆ ಕೆಲಸ ನೆನಪಾಯಿತು, ಇನ್ನೊಬ್ಬನಿಗೆ ಕಾಲುನೋವು. ಎರಡು ಮೈಲಿ ಕಳೆಯುವಷ್ಟರಲ್ಲಿ ಗುಂಗಣ್ಣ ಒಬ್ಬನೇ.

ಸಂಜೆಯ ಬಿಸಿಲು ಹೊಲದ ಮೇಲೆ ಒರಗಿತ್ತು. ರಸ್ತೆ ಮಟ್ಟಸವಾಗಿ, ಮರಗಳ ನಡುವೆ ಸಾಗಿ, ತಿಳಿ ಮಬ್ಬಿನಲ್ಲಿ ಕರಗುತ್ತಿತ್ತು. ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಒಂದು ಹಕ್ಕಿ ಮಾತ್ರ ತಂತಿಯ ಮೇಲೆ ಕೂತು ಅವನನ್ನೇ ನೋಡುತ್ತಿತ್ತು. ಗುಂಗಣ್ಣನ ಎದೆ ಹಿಗ್ಗಿತು. ಗೋದಾಮಿನ ನಾಲ್ಕು ಗೋಡೆಗಳ ನಡುವೆಯೇ ಅಷ್ಟು ಸುಖವಾದರೆ, ಈ ಆಕಾಶದ ಕೆಳಗೆ ಹೇಗಿದ್ದೀತು! ಊರು ಸಿಗುವ ಮುಂಚೆ ಇಳಿದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಕಾಲೆತ್ತಿ ಸೀಟಿನ ಮೇಲೆ ಕೂತ. ಉಸಿರು ಬಿಗಿಹಿಡಿದು ಪೆಡಲ್ ಒತ್ತಿದ.

ಪೆಡಲು ನೀರಿನಲ್ಲಿ ಕೈಯಾಡಿಸಿದಂತೆ ಸುಮ್ಮನೆ ಒಂದು ಸುತ್ತು ಬಂತು. ಸೈಕಲ್ಲು ಅರ್ಧ ಮಾರು ಉರುಳಿ, ಹೆಣದಂತೆ ಪಕ್ಕಕ್ಕೆ ವಾಲಿತು. ಗುಂಗಣ್ಣ ಹುಲ್ಲಿನಲ್ಲಿ ಕೂತು, ಚೈನ್ ಕವರಿನ ಸಂದಿಯಲ್ಲಿ ಇಣುಕಿದ. ಒಳಗೆ ಚೈನೇ ಇರಲಿಲ್ಲ. ಫಿಟ್ಟರಿಗೆ ಫೋನು ಮಾಡಿದ.

"ಚೈನ್ ಎಲ್ಲಿ?"

"ನಿಮ್ಮಪ್ಪಾಜಿ ಬಿಚ್ಚಿಸಿದ್ರು, ಸಣ್ಣ ಯಜಮಾನ್ರೇ."

"ಯಾಕೆ?"

ಫಿಟ್ಟರ್ ದನಿ ತಗ್ಗಿಸಿದ. "ಯಾರಿಗೂ ಹೇಳಬೇಡ ಅಂದಿದ್ದಾರೆ. 'ನಮ್ಮಪ್ಪನಿಗೆ ಬರ್ತಿರಲಿಲ್ಲ, ನನಗೂ ಬರಲ್ಲ, ನನ್ನ ಮಗನಿಗೂ ಬರಲ್ಲ ಕಣೋ. ಒಬ್ಬನೇ ಇದ್ದಾಗ ಹತ್ತಿ ನೋಡೋಣ ಅಂತ ಆಸೆಯಾಗುತ್ತೆ ಅವನಿಗೆ. ನಾನೂ ಹಾಗೇ ಹತ್ತಿ ಮುಂದಿನ ಹಲ್ಲು ಮುರ್ಕೊಂಡೋನು. ಮಗು ಬೀಳೋದು ಬೇಡ, ಬಿಚ್ಚಿಡು' ಅಂದ್ರು. ಅಳ್ತಿದ್ರು, ಪಾಪ."

ಗುಂಗಣ್ಣನಿಗೆ ಕೋಪ ಮಾಡಿಕೊಳ್ಳೋಣವೆಂದರೆ ಅಪ್ಪನ ಮುರಿದ ಹಲ್ಲು ಕಣ್ಣಿಗೆ ಕಟ್ಟಿತು.

"ಈಗ ತಂದು ಹಾಕ್ತೀಯಾ?" ಎಂದ.

"ಇವತ್ತಾಗಲ್ಲ ಬಿಡಿ. ಹೇಗೂ ಬಿಚ್ಚಿದ್ದೀನಲ್ಲಾ ಅಂತ ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದೀನಿ. ನಾಳೆ ನೋಡಿ, ಬೆಳ್ಳಿ ಥರ ಹೊಳೆಯುತ್ತೆ!"

ಹಕ್ಕಿ ತಂತಿ ಬಿಟ್ಟು ಹಾರಿಹೋಯಿತು. ಗುಂಗಣ್ಣ ಎದ್ದು ಪ್ಯಾಂಟಿನ ಹುಲ್ಲು ಕೊಡವಿ, ಅಜ್ಜನ ಸೈಕಲ್ಲನ್ನೆತ್ತಿ, ಎರಡು ಕೈಯಲ್ಲೂ ಹ್ಯಾಂಡಲ್ ಹಿಡಿದು ತಳ್ಳತೊಡಗಿದ. ಇನ್ನೂ ಏಳು ಮೈಲಿ ಇತ್ತು.