ಪೂಜೆಗೆ ಕೂತ ಲ್ಯಾಪ್‌ಟಾಪು

ಪ್ರಸೀದಾಳ ಎಂಬಿಎ ಪುಸ್ತಕಗಳಿಗೆ ಮನೆಯಲ್ಲಿ ತಕ್ಕ ಮರ್ಯಾದೆ ಸಿಗುತ್ತಿಲ್ಲ ಎಂಬುದು ಅವಳ ಗಂಡ ಸುಗತನ್‌ನ ಬಹುದಿನದ ಕೊರಗಾಗಿತ್ತು. ಓದುವವಳೇ ಅವುಗಳನ್ನು ತಲೆದಿಂಬು ಮಾಡಿಕೊಂಡು ನಿದ್ದೆ ಹೋಗುತ್ತಿದ್ದಳು. ಅವನ ತಾಯಿ ಭಾರ್ಗವಿಯಮ್ಮ ಅಂಗಳದಲ್ಲಿ ಮಜ್ಜಿಗೆ ಮೆಣಸು ಒಣಹಾಕಿದಾಗ ಬಟ್ಟೆ ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಪುಸ್ತಕ ಇಡುತ್ತಿದ್ದರು. ನಾಲ್ಕೂ ಒಂದೇ ತೂಕ, ಇಂಥ ಪುಸ್ತಕ ಬೇರೆಲ್ಲೂ ಸಿಗುವುದಿಲ್ಲ ಎಂದು ನೆರೆಯವರ ಮುಂದೆ ಹೊಗಳುತ್ತಲೂ ಇದ್ದರು.

ಸುಗತನ್ ಒಂಬತ್ತನೇ ತರಗತಿಯಲ್ಲೇ ಶಾಲೆಗೆ ಕೈಮುಗಿದು ಹೊರಟುಬಂದವನು. ಕೇರಳದ ಒಟ್ಟಪಾಲದ ರೈಲ್ವೆ ಗೇಟಿನ ಬಳಿ ದರ್ಜಿ ಅಂಗಡಿ ಇಟ್ಟುಕೊಂಡಿದ್ದ. ಯಾರೊಡನೆಯೂ ಎರಡು ಮಾತಿಗೆ ಮೂರನೆಯದನ್ನು ಸೇರಿಸುವವನಲ್ಲ. ಆದರೆ ಆ ಪುಸ್ತಕಗಳನ್ನು ಕಂಡರೆ ಅವನ ಎದೆ ಗುಡಿಯ ಗಂಟೆಯಂತೆ ಬಡಿದುಕೊಳ್ಳುತ್ತಿತ್ತು. ಅಂಗಡಿಯಲ್ಲಿ ಉಳಿದ ಒಳ್ಳೆಯ ಅಸ್ತರಿನ ಬಟ್ಟೆಯಲ್ಲಿ ಹದಿನಾರು ಪುಸ್ತಕಕ್ಕೂ ಅಳತೆ ತೆಗೆದು ಹದಿನಾರು ಅಂಗಿ ಹೊಲಿದಿದ್ದ, ಒಂದೊಂದಕ್ಕೂ ಒಂದು ಗುಂಡಿ, ಒಂದು ಕಾಜ. (ಲೆಕ್ಕಶಾಸ್ತ್ರದ ಪುಸ್ತಕ ಸ್ವಲ್ಪ ಹೊಟ್ಟೆಯ ಕಡೆ ದಪ್ಪ. ಅದಕ್ಕೆ ಎರಡು ಗುಂಡಿ.)

ಪ್ರಸೀದಾ ಊರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಹದಿನೇಳು ವರ್ಷದಿಂದ ನರ್ಸ್. ಅಲ್ಲಿಯ ನರ್ಸಿಂಗ್ ಸೂಪರಿಂಟೆಂಡೆಂಟ್ ಇನ್ನು ಎರಡೂವರೆ ವರ್ಷಕ್ಕೆ, ಮಾರ್ಚಿನಲ್ಲಿ, ನಿವೃತ್ತಿಯಾಗುವವರಿದ್ದರು. ಆ ಕುರ್ಚಿ ಬೇಕಿದ್ದರೆ ಆಡಳಿತದ ಸ್ನಾತಕೋತ್ತರ ಪದವಿ ಬೇಕು, ಇಲ್ಲದಿದ್ದರೆ ಹೊರಗಿನಿಂದ ಯಾರನ್ನಾದರೂ ತಂದು ಕೂರಿಸುತ್ತೇವೆ ಎಂದು ಆಡಳಿತದವರು ಹೇಳಿಬಿಟ್ಟಿದ್ದರು. ಹಾಗಾಗಿ ಮೂವತ್ತೊಂಬತ್ತರ ವಯಸ್ಸಿನಲ್ಲಿ ಅವಳು ಉತ್ತರದ ಕಡೆಯ ಒಂದು ವಿಶ್ವವಿದ್ಯಾಲಯಕ್ಕೆ ದೂರಶಿಕ್ಷಣಕ್ಕೆ ಸೇರಿದಳು. ಡ್ಯೂಟಿಗೆ ಹೋಗುವ ಮುಂಚೆ ಒಂದು ಗಂಟೆ, ಬಂದ ಮೇಲೆ ಎರಡು ಗಂಟೆ ಓದು. ಅವಳು ಹಳದಿ ಬಣ್ಣದ ಪೆನ್ನಿನಿಂದ ಸಾಲುಗಳಿಗೆ ಅರಿಸಿನ ಬಳಿಯುವುದನ್ನು ಸುಗತನ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅವನ ಬೆನ್ನ ಹಿಂದೆ ಹಾಲು ಉಕ್ಕುತ್ತಿತ್ತು. ವಾರಕ್ಕೆ ಮೂರು ಸಲವಾದರೂ ಉಕ್ಕುತ್ತಿತ್ತು.

ಎರಡನೇ ಸೆಮಿಸ್ಟರಿನಲ್ಲಿ ನೌಕರನ ಯೋಗ್ಯತೆಯನ್ನು ಅಳೆಯುವುದು ಹೇಗೆ ಎಂಬ ಪಾಠ ಬಂತು. ಅಭ್ಯಾಸಕ್ಕೆ ಬೇರೆ ನೌಕರ ಸಿಗದೆ ಪ್ರಸೀದಾ ಆರು ತಿಂಗಳು ಗಂಡನನ್ನೇ ಅಳೆದಳು. ಊರಿನವರನ್ನೆಲ್ಲ ಅಳೆದವನನ್ನು ಅಲ್ಲಿಯವರೆಗೆ ಯಾರೂ ಅಳೆದಿರಲಿಲ್ಲ. ಎಷ್ಟು ಬಂತು ಎಂದು ಅವನು ನಾಚುತ್ತ ಕೇಳಿದಾಗ ಅವಳು ಅದು ಗೌಪ್ಯ ಎಂದಳು. ಆ ಒಂದು ಪದ ಕೇಳಿ ಅವನಿಗೆ ಒಂದು ವಾರ ಮೈ ಜುಮ್ಮೆನ್ನುತ್ತಿತ್ತು.

ಕೊನೆಗೆ ಉಳಿದದ್ದು ಮಹಾವರದಿ ಒಂದೇ. ಆಸ್ಪತ್ರೆಯ ವಾರ್ಡುಗಳಲ್ಲಿ ಹಾಸಿಗೆಗಳ ಸದ್ಬಳಕೆ ಎಂಬ ವಿಷಯದ ಮೇಲೆ ಎಂಬತ್ತೆರಡು ಪುಟ. ಅದನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ಅಂತರ್ಜಾಲದ ಬಾಗಿಲು ತೆರೆಯುವುದು ಮಹಾನವಮಿಯ ದಿನ ಮಾತ್ರ, ಸಂಜೆ ಐದಕ್ಕೆ ಮುಚ್ಚುತ್ತದೆ. ಉತ್ತರದವರಿಗೇನು ಗೊತ್ತು? ಒಟ್ಟಪಾಲದಲ್ಲಿ ಅಷ್ಟಮಿಯ ಸಂಜೆ ಪುಸ್ತಕಗಳನ್ನು ಸರಸ್ವತಿಯ ಮುಂದೆ ಪೂಜೆಗೆ ಇಟ್ಟರೆ ವಿಜಯದಶಮಿಯ ಬೆಳಿಗ್ಗೆ ತೆಗೆಯುವ ತನಕ ಯಾರೂ ಒಂದಕ್ಷರ ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಭಾರ್ಗವಿಯಮ್ಮನ ಮನೆಯಲ್ಲಂತೂ ಆ ದಿನಗಳಲ್ಲಿ ಔಷಧಿ ಶೀಶೆಯ ಮೇಲಿನ ಹೆಸರನ್ನೂ ಓದುವಂತಿಲ್ಲ, ಬಣ್ಣ ನೋಡಿ ಕುಡಿಯಬೇಕು.

ಪ್ರಸೀದಾ ಅದಕ್ಕೂ ದಾರಿ ಮಾಡಿಟ್ಟಿದ್ದಳು. ವರದಿಯನ್ನು ಅಷ್ಟಮಿಯ ಮಧ್ಯಾಹ್ನವೇ ಮುಗಿಸಿ, ಪುಸ್ತಕಗಳನ್ನು ಅತ್ತೆಯ ಕೈಗೆ ಕೊಟ್ಟು, ಲ್ಯಾಪ್‌ಟಾಪನ್ನು ಮಾತ್ರ ಬೀರುವಿನ ಮೇಲೆ ಇಟ್ಟು ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗಿನ ಹಬ್ಬದ ಡ್ಯೂಟಿಗೆ ಹೋದಳು. ನವಮಿಯ ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದು ಒಂದು ಗುಂಡಿ ಒತ್ತಿದರೆ ಮುಗಿಯಿತು.

ಪೂಜೆಯ ಕೋಣೆಯಲ್ಲಿ ಅಂಗಿ ತೊಟ್ಟು ಕೂತ ಹದಿನಾರು ಪುಸ್ತಕಗಳನ್ನು ನೋಡಿದಾಗ ಸುಗತನ್‌ಗೆ ಏನೋ ಕೊರತೆ ಎನಿಸಿತು. ಇವೆಲ್ಲ ಯಾರೋ ಬರೆದವು. ಪ್ರಸೀದಾ ಸ್ವತಃ ಬರೆದದ್ದು ಬೀರುವಿನ ಮೇಲೆ ಅನಾಥವಾಗಿದೆ. ದೇವಿಯ ಕೃಪೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಅದಕ್ಕೇ ಅಲ್ಲವೇ? ಅವನು ಲ್ಯಾಪ್‌ಟಾಪಿಗೆ ಕಸವಿನ ಜರಿ ಅಂಚಿನ ಹೊಸ ಬಟ್ಟೆ ಸುತ್ತಿದ. ತೆರೆದರೆ ದೇವಿಗೆ ನೇರವಾಗಿ ಕಾಣಬೇಕೆಂದು ಅದರ ಮುಖವನ್ನು ದೇವಿಯ ಕಡೆಗೆ ಮಾಡಿ ಇಟ್ಟ. ಭಾರ್ಗವಿಯಮ್ಮ ಮೇಲೆ ಗಂಧ ಹಚ್ಚಿ, ತುಳಸಿ ಏರಿಸಿ, ದೀಪ ಬೆಳಗಿದರು. ಅಲ್ಲಿಗೆ ಅದು ಯಂತ್ರವಾಗಿ ಉಳಿಯಲಿಲ್ಲ, ದೇವರ ಸ್ವತ್ತಾಯಿತು.

ನವಮಿಯ ದಿನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಸುಗತನ್‌ನ ಫೋನು ಬಡಿದುಕೊಂಡಿತು. ಹಬ್ಬಕ್ಕೆಂದು ಮೂವರು ನರ್ಸುಗಳು ರಜೆ ಹಾಕಿದ್ದಾರೆ, ವಾರ್ಡು ಬಿಟ್ಟು ಕದಲುವ ಹಾಗಿಲ್ಲ, ಬೀರುವಿನ ಮೇಲಿನ ಲ್ಯಾಪ್‌ಟಾಪು ತೆಗೆಯಿರಿ ಎಂದಳು ಪ್ರಸೀದಾ. ಸುಗತನ್ ಪೂಜೆಯ ಕೋಣೆಯ ಕಡೆ ನೋಡಿದ.

"ಚೇಟ್ಟಾ, ಲೈನಲ್ಲಿ ಇದ್ದೀರಾ?"

"ಇದ್ದೀನಿ."

"ಬೀರು ಮೇಲೆ ಇದೆಯಾ?"

"ಇತ್ತು."

ಇತ್ತು ಎಂದರೆ ಈಗೆಲ್ಲಿದೆ ಎಂದು ಪ್ರಸೀದಾಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೇರೆ ಹೆಂಡತಿಯಾಗಿದ್ದರೆ ಫೋನು ಸುಟ್ಟುಹೋಗುತ್ತಿತ್ತು. ಪ್ರಸೀದಾ ಎರಡು ವರ್ಷ ಓದಿದ್ದು ಆಗ ಕೆಲಸಕ್ಕೆ ಬಂತು. ದನಿ ಒಂದಿಷ್ಟೂ ಏರಿಸದೆ, ಫೋನು ಅಮ್ಮನಿಗೆ ಕೊಡಿ ಎಂದಳು. ಈ ಶಾಂತಿಯನ್ನು ಕಂಡು ಸುಗತನ್‌ನ ಕಣ್ಣು ತುಂಬಿತು. ವಿದ್ಯೆ ಎಂದರೆ ಇದು.

ಭಾರ್ಗವಿಯಮ್ಮ ಮೊದಲು ಸಾಧ್ಯವೇ ಇಲ್ಲ ಎಂದರು. ಆಮೇಲೆ ಸೊಸೆ ಏನು ಹೇಳಿದಳೋ, ಹೂಂ ಎಂದರು. ಮತ್ತೆ ಹೂಂ ಎಂದರು. ಕೊನೆಗೆ ಫೋನನ್ನು ಮಗನಿಗೆ ಕೊಟ್ಟು ತೀರ್ಪು ಹೇಳಿದರು.

"ನೋಡು ಮೋನೇ, ಪೂಜೆಗೆ ಕೂತದ್ದನ್ನ ಕದಲಿಸೋ ಹಾಗಿಲ್ಲ, ತಿರುಗಿಸೋ ಹಾಗೂ ಇಲ್ಲ. ದೇವಿಗೆ ಬೆನ್ನು ಹಾಕಿ ನೀನು ಕೂರೋ ಹಾಗಂತೂ ಮೊದಲೇ ಇಲ್ಲ. ಹಿಂದಿನಿಂದ ಬಗ್ಗಿ ಒತ್ತು. ಅಲ್ಲಿಂದ ಅಕ್ಷರ ಎಲ್ಲ ತಲೆಕೆಳಗಾಗಿ ಕಾಣತ್ತೆ, ಅದನ್ನ ಓದು ಅಂತ ಯಾರೂ ಅನ್ನಲ್ಲ. ಓದೋದನ್ನ ದೇವಿ ಓದಿಕೊಳ್ತಾಳೆ."

ಇಂಥ ತೀರ್ಪನ್ನು ಯಾವ ವಿಶ್ವವಿದ್ಯಾಲಯವೂ ಕೊಡಲಾರದು ಎಂದು ಸುಗತನ್‌ಗೆ ಅನಿಸಿತು. ಅವನು ಮಿಂದು, ಒದ್ದೆ ತಲೆಯಲ್ಲೇ ಬಂದು, ಲ್ಯಾಪ್‌ಟಾಪಿನ ಬೆನ್ನ ಹಿಂದೆ ಮಂಡಿಯೂರಿ, ಬಟ್ಟೆ ಸರಿಸಿ ಮುಚ್ಚಳ ತೆರೆದ. (ಪ್ರಸೀದಾ ಅದಕ್ಕೆ ಗುಪ್ತಪದ ಇಟ್ಟಿರಲಿಲ್ಲ. ಕದಿಯುವಷ್ಟು ಇಂಗ್ಲಿಷ್ ಆ ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.) ಫೋನನ್ನು ಭಾರ್ಗವಿಯಮ್ಮ ಅವನ ಕಿವಿಗೆ ಹಿಡಿದರು. ಕಳಿಸುವ ಪುಟ ತೆರೆದೇ ಇದೆ, ಅದರ ಕೆಳಗೆ ಎರಡು ಕಾಗದದ ಚಿತ್ರಗಳಿವೆ, ಎಡಗಡೆಯದನ್ನು ಪರದೆಯ ಮೇಲೇ ಬೆರಳಿನಿಂದ ಎಳೆದು ನಡುವಿನ ಚೌಕದೊಳಗೆ ಬಿಡಬೇಕು, ಆಮೇಲೆ ಹಸಿರು ಗುಂಡಿ ಎಂದು ಪ್ರಸೀದಾ ವಿವರಿಸಿದಳು. ಬಟ್ಟೆಯನ್ನು ಒಳಮೈಯಿಂದ ಹೊಲಿಯುವವನಿಗೆ ತಲೆಕೆಳಗಿನ ಕೆಲಸ ಹೊಸದಲ್ಲ. ಅವನು ಭಗವತಿಯನ್ನು ನೆನೆದು, ತನ್ನ ಎಡಗಡೆಯದನ್ನು ಎಳೆದ, ಚೌಕದಲ್ಲಿ ಬಿಟ್ಟ, ಹಸಿರನ್ನು ಒತ್ತಿದ. ಐದಕ್ಕೆ ಇನ್ನೂ ಹನ್ನೆರಡು ನಿಮಿಷ ಇತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಅವನು ತನ್ನ ತೋರುಬೆರಳನ್ನು ಎರಡು ಸಲ ನೋಡಿಕೊಂಡ. ಒಂಬತ್ತನೇ ತರಗತಿಯ ಬೆರಳು ಸ್ನಾತಕೋತ್ತರ ಕೆಲಸ ಮಾಡಿತ್ತು.

ವಿಜಯದಶಮಿಯ ಬೆಳಿಗ್ಗೆ ಪೂಜೆಗಿಟ್ಟದ್ದನ್ನು ಎತ್ತಿ, ಅಕ್ಕಿಯಲ್ಲಿ ಎಲ್ಲರೂ ಹರಿಶ್ರೀ ಎಂದು ಅಕ್ಷರ ತಿದ್ದಿದ ಮೇಲೆ, ಪ್ರಸೀದಾ ಗಂಧ ಒರೆಸಿ ಲ್ಯಾಪ್‌ಟಾಪು ತೆರೆದಳು. ವಿಶ್ವವಿದ್ಯಾಲಯದಿಂದ ರಶೀದಿ ಬಂದಿತ್ತು. ಹನ್ನೊಂದು ಪುಟ ತಲುಪಿದೆ, ವಂದನೆಗಳು.

ಎಂಬತ್ತೆರಡು ಎಲ್ಲಿ, ಹನ್ನೊಂದು ಎಲ್ಲಿ. ಪ್ರಸೀದಾ ಪರದೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಲ್ಯಾಪ್‌ಟಾಪಿನ ಹಿಂದೆ ಹೋಗಿ ಬಗ್ಗಿ ನೋಡಿದಳು. ಹಿಂದಿನಿಂದ ಬಗ್ಗಿದವನ ಎಡ, ಪರದೆಗೆ ಬಲ. ಬಲಗಡೆ ಇದ್ದದ್ದು ಹಾಸಿಗೆಗಳ ವರದಿಯಲ್ಲ. ಅದು ಆರು ತಿಂಗಳು ಅಳೆದು ಬರೆದ ಗೌಪ್ಯ ಕಡತ. ‘ಒಬ್ಬ ನೌಕರನ ಯೋಗ್ಯತಾ ವರದಿ: ಹೆಸರು, ಎಸ್.’

ಇನ್ನೊಮ್ಮೆ ಕಳಿಸಲು ಅವಕಾಶವಿಲ್ಲ ಎಂದು ಕೆಳಗೇ ಬರೆದಿತ್ತು. ಸುಗತನ್‌ಗೆ ಅದರ ಅರ್ಥವನ್ನು ಅವಳ ಮುಖವೇ ಹೇಳಿತು. ಎರಡು ವರ್ಷ, ಹದಿನಾರು ಪುಸ್ತಕ, ಮಾರ್ಚಿನ ಕುರ್ಚಿ, ಎಲ್ಲವೂ ಅವನ ಭಕ್ತಿಯ ಒಂದು ಬೆರಳಿಗೆ ಸಿಕ್ಕಿ ಹೋಗಿತ್ತು. ಅವನು ಬೈಗುಳಕ್ಕಾಗಿ ತಲೆ ತಗ್ಗಿಸಿ ನಿಂತ. ಪ್ರಸೀದಾ ಬೈಯಲಿಲ್ಲ. ಮಾತೂ ಆಡಲಿಲ್ಲ. ಹದಿನೈದು ದಿನ ಮನೆಯಲ್ಲಿ ಹಾಲು ಉಕ್ಕಲಿಲ್ಲ, ಏಕೆಂದರೆ ಅವಳು ಓದಲು ಕೂರಲೇ ಇಲ್ಲ. ಆ ಮೌನಕ್ಕಿಂತ ಯಾವುದಾದರೂ ಬೈಗುಳ ಸಿಕ್ಕರೆ ಸಾಕೆಂದು ಅವನು ಹರಕೆ ಹೊತ್ತ.

ವರದಿಯ ಮೇಲಿನ ಮೌಖಿಕ ಪರೀಕ್ಷೆ ಲ್ಯಾಪ್‌ಟಾಪಿನ ಪರದೆಯ ಮೇಲೆ ನಡೆಯಿತು. ಪರೀಕ್ಷಕಿ ಬೆಳ್ಳಿಕೂದಲ ಹೆಂಗಸು, ಜೀವನದಲ್ಲಿ ಒಮ್ಮೆ ನಕ್ಕು ಅದು ಸರಿಹೋಗದೆ ಬಿಟ್ಟವರಂತೆ ಕಾಣುತ್ತಿದ್ದರು. ಸುಗತನ್ ತಾನೇ ಹೊಲಿದ ಕಿಟಕಿಯ ಪರದೆಯ ಹಿಂದೆ ನಿಂತಿದ್ದ. ಮಾತು ಇಂಗ್ಲಿಷಿನಲ್ಲಿ ನಡೆದದ್ದರಿಂದ ಅವನಿಗೆ ಕೇಳಿಸಿದ್ದೆಲ್ಲ ಏರಿಳಿತ ಮಾತ್ರ, ಅರ್ಥವನ್ನು ಪ್ರಸೀದಾ ಆಮೇಲೆ ಹೇಳಿದಳು.

ಇಪ್ಪತ್ತು ವರ್ಷದಿಂದ ನಾನು ವರದಿ ಓದುತ್ತಿದ್ದೇನೆ ಎಂದರಂತೆ ಆಕೆ. ಎಲ್ಲದರಲ್ಲೂ ಅದೇ ಕಂಪನಿ, ಅದೇ ಬಾಣದ ಗುರುತಿನ ನಕ್ಷೆ, ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದದ್ದು. ಉಸಿರಾಡುವ ಮನುಷ್ಯನೊಬ್ಬ ಸಿಕ್ಕಿದ್ದು ಇದೇ ಮೊದಲು ಎಂದು ವರದಿಯನ್ನು ಓದತೊಡಗಿದರಂತೆ. ಹೊತ್ತಿಗೆ ಸರಿಯಾಗಿ ಕೆಲಸ: ಹತ್ತಕ್ಕೆ ಎರಡು. ಹೇಳಿದ್ದನ್ನು ಮಾಡುವುದು: ಹತ್ತಕ್ಕೆ ಒಂಬತ್ತು. ಹೇಳದ್ದನ್ನು ಮಾಡುವುದು: ಅಪಾಯಕಾರಿ. ನಿಷ್ಠೆ: ಅಳೆಯಲು ಟೇಪು ಸಾಲದು. ಎರಡನೇ ಪುಟದಲ್ಲಿ ಒಂದು ವಿಶೇಷ ಸೂಚನೆ: ಭಕ್ತಿ ಹೆಚ್ಚಾದಾಗ ಈ ನೌಕರ ಒಲೆಯ ಮೇಲಿನದನ್ನು ಮರೆಯುತ್ತಾನೆ.

ಆಕೆ ಕೇಳಿದ್ದು ಒಂದೇ ಪ್ರಶ್ನೆ. ಇಷ್ಟು ಕಡಿಮೆ ಅಂಕದ ನೌಕರನನ್ನು ನೀವು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ?

ಪ್ರಸೀದಾ ಒಂದು ಕ್ಷಣ ಕಿಟಕಿಯ ಕಡೆ ನೋಡಿದಳು. ಪರದೆಯ ಕೆಳಗೆ ಎರಡು ಪಾದಗಳು ಕಾಣುತ್ತಿದ್ದವು, ಹೆಬ್ಬೆರಳು ಹೆಬ್ಬೆರಳನ್ನು ತುಳಿಯುತ್ತಿತ್ತು.

"ಪುಸ್ತಕಕ್ಕೆ ಅಂಗಿ ಹೊಲಿಯೋ ನೌಕರ ಬೇರೆ ಎಲ್ಲೂ ಸಿಗಲ್ಲ, ಮೇಡಂ" ಎಂದಳಂತೆ.

ಫಲಿತಾಂಶ ಬಂತು, ಪ್ರಥಮ ದರ್ಜೆ. ಮಾರ್ಚಿನಲ್ಲಿ ಕುರ್ಚಿಯೂ ಬಂತು. ಅದಾಗಿ ಕೆಲವು ತಿಂಗಳಿಗೆ ವಿಶ್ವವಿದ್ಯಾಲಯದ ಹೊಸ ಪಠ್ಯಪುಸ್ತಕವೊಂದು ಅಂಚೆಯಲ್ಲಿ ಬಂತು. ಪ್ರಸೀದಾಳ ಒಪ್ಪಿಗೆ ಪಡೆದು ಅದರ ಹನ್ನೊಂದನೇ ಪಾಠವಾಗಿ ಆ ವರದಿಯನ್ನೇ ಅಚ್ಚು ಹಾಕಿದ್ದರು. (ನೌಕರನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಪಾಠದ ಪ್ರಕಾರ ಕೇಳುವ ಅಗತ್ಯವೂ ಇರಲಿಲ್ಲ.) ತಾನು ಮುಗಿಸದ ಶಾಲೆಗಿಂತ ಎಷ್ಟೋ ಮೇಲಿನ ತರಗತಿಯಲ್ಲಿ, ಯಾವುದೋ ಊರಿನ ಕೋಟು ತೊಟ್ಟ ಜನ ತನ್ನನ್ನು ಬಾಯಿಪಾಠ ಮಾಡುತ್ತಿದ್ದಾರೆ ಎಂದು ತಿಳಿದಾಗ ಸುಗತನ್ ಅಂಗಡಿಯ ಸ್ಟೂಲಿನ ಮೇಲೆ ಬಹಳ ಹೊತ್ತು ಕೂತೇ ಇದ್ದ. ಆಮೇಲೆ ಎದ್ದು, ಆ ಪುಸ್ತಕಕ್ಕೆ ರೇಷ್ಮೆಯ ಅಂಗಿ ಹೊಲಿದ. ಮೂರು ಗುಂಡಿ.

ಮತ್ತೆ ಅಷ್ಟಮಿ ಬಂತು. ರೇಷ್ಮೆಯ ಪುಸ್ತಕ ಎಲ್ಲದರ ಮೇಲೆ ಕೂತಿತು. ಭಾರ್ಗವಿಯಮ್ಮ ದೀಪ ಹಚ್ಚಿದರು. ಅಡುಗೆಮನೆಯಲ್ಲಿ ನೈವೇದ್ಯದ ಪಾಯಸ ತಿರುವುತ್ತಿದ್ದ ಸುಗತನ್ ಪೂಜೆಯ ಕೋಣೆಯ ಬಾಗಿಲಿಗೆ ಬಂದವನು ಆ ನೋಟಕ್ಕೆ ಕರಗಿ, ಸೌಟು ಹಿಡಿದೇ ಉದ್ದಕ್ಕೆ ಅಡ್ಡಬಿದ್ದ. ಎಷ್ಟು ಹೊತ್ತಾಯಿತೋ ಅವನಿಗೆ ತಿಳಿಯದು. ತಲೆಯ ಹತ್ತಿರ ಹೆಂಡತಿಯ ದನಿ ಕೇಳಿಸಿತು.

"ಚೇಟ್ಟಾ, ಯಾರಿಗೆ ನಮಸ್ಕಾರ?"

"ವಿದ್ಯೆಗೆ."

"ಮೇಲಿರೋ ಪುಸ್ತಕದಲ್ಲಿ ಯಾರಿದ್ದಾರೆ ಅಂತ ನೆನಪಿದೆ ತಾನೇ?"

ಸುಗತನ್ ಮೆಲ್ಲನೆ ತಲೆ ಎತ್ತಿ ಪುಸ್ತಕ ನೋಡಿದ. ತನಗೆ ತಾನೇ ಸಾಷ್ಟಾಂಗ ಹಾಕಿದ್ದು ಆಗ ಅವನಿಗೆ ಹೊಳೆಯಿತು.

"ಇರಲಿ" ಎಂದಳು ಪ್ರಸೀದಾ. "ಆ ಪಾಠದ ಎರಡನೇ ಪುಟದಲ್ಲಿ ಏನಿತ್ತು?"

"ಪೂಜೆಗೆ ಇಟ್ಟಾಯ್ತಲ್ಲ ಪ್ರಸೀದಾ" ಎಂದ ಅವನು, ಮಲಗಿದಲ್ಲಿಂದಲೇ, ತುಂಬ ಶ್ರದ್ಧೆಯಿಂದ. "ಇನ್ನು ಓದೋ ಹಾಗಿಲ್ಲ."

"ಓದೋದು ಬೇಡ" ಎಂದಳು ಅವಳು. "ಮೂಸಿ ನೋಡಿ, ಸಾಕು."