ಆಟದ ಪೀರಿಯಡ್ಡಿನ ಎರವಲು

ಬೆಳಗಿನ ಗಂಟೆ ಹೊಡೆದ ಆಟದ ಮೇಷ್ಟ್ರು ಸುತ್ತಿಗೆಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ, ಹೆಡ್‌ಮಾಸ್ಟರು ಕಾಗದವೊಂದನ್ನು ಹಿಡಿದು ಬಂದರು.

"ಹನ್ನೊಂದಕ್ಕೆ ಇಲಾಖೆ ಸಾಹೇಬ್ರು ಬರ್ತಾರಂತೆ. ಆಟದ ಕ್ಲಾಸು ನೋಡ್ಬೇಕಂತೆ. ಮಕ್ಕಳು ಆಡೋದು ಕಾಣದಿದ್ರೆ ನಿಮ್ಮ ಹುದ್ದೇನೇ ತೆಗೀತಾರಂತೆ."

ಹನ್ನೊಂದು ವರ್ಷದಿಂದ ಮೇಷ್ಟ್ರು ಮಾಡಿದ್ದೆಲ್ಲ ಗಂಟೆ ಹೊಡೆಯುವುದು, ಮಕ್ಕಳ ಉಗುರು ನೋಡುವುದು, ಪುಸ್ತಕಗಳಿಗೆ ಬೈಂಡು ಹಾಕುವುದು. ಆಟದ ಪೀರಿಯಡ್ಡು ಬಂತೆಂದರೆ ಲೆಕ್ಕದ ಮೇಡಂ ಬಾಗಿಲಲ್ಲಿ ಹಾಜರು. "ಪಾಠ ಮುಗಿದಿಲ್ಲ ಸರ್, ಇವತ್ತೊಂದಿನ ಎರವಲು ಕೊಡಿ" ಎಂದರೆ ಮುಗಿಯಿತು. ಮೇಷ್ಟ್ರಿಗೆ ಲೆಕ್ಕವೆಂದರೆ ಚಿಕ್ಕಂದಿನಿಂದಲೂ ಹೆದರಿಕೆ. ಏಳರ ಮಗ್ಗಿಯ ಕಾಟ ತಪ್ಪಲಿ ಅಂತಲೇ ಆಟದ ಕಡೆ ಓಡಿ ಬಂದವರು, ಲೆಕ್ಕದ ಮೇಡಂ ಎದುರು ಬಾಯಿ ಬಿಡುವುದೆಲ್ಲಿಂದ?

ಇವತ್ತು ಹನ್ನೊಂದಕ್ಕೆ ಏಳನೇ ಕ್ಲಾಸಿಗೆ ಇದ್ದದ್ದೂ ಆ ಮೇಡಂ ಕ್ಲಾಸೇ. ಮೇಷ್ಟ್ರು ಸ್ಟಾಫ್‌ರೂಮಿಗೆ ಓಡಿದರು.

"ಮೇಡಂ, ಹನ್ನೊಂದರ ಪೀರಿಯಡ್ಡು ನಂಗೆ ಕೊಡಿ. ಹೊಟ್ಟೆಪಾಡಿನ ಪ್ರಶ್ನೆ."

ಮೇಡಂ ನಿಧಾನವಾಗಿ ಕನ್ನಡಕ ಒರೆಸಿದರು. "ಕೊಟ್ರೆ ನಂಗೇನು?"

"ಈ ವರ್ಷ ಬರೋ ಆಟದ ಪೀರಿಯಡ್ಡೆಲ್ಲ ನಿಮ್ದೇ."

"ಎಲ್ಲಾ ಕ್ಲಾಸಿಂದೂ?"

"ಎಲ್ಲಾ ಕ್ಲಾಸಿಂದೂ. ಒಂದೂ ಬಿಡದೆ."

"ಎಲ್ರೂ ಕೇಳಿಸ್ಕೊಂಡ್ರಲ್ಲ" ಎಂದು ಮೇಡಂ ಸುತ್ತ ನೋಡಿದರು. ವಿಜ್ಞಾನದ ಮೇಷ್ಟ್ರು ಸಾಕ್ಷಿಯಾಗಿ ತಲೆಯಾಡಿಸಿದರು.

ಆಟದ ಸಾಮಾನಿನ ಕೋಣೆ ತೆಗೆದರೆ ಹಳೆಯ ಉತ್ತರ ಪತ್ರಿಕೆಗಳ ಕಟ್ಟು ಸೂರು ಮುಟ್ಟಿತ್ತು. ಶಾಲೆಗಿದ್ದ ಒಂದೇ ಚೆಂಡು ಹೆಡ್‌ಮಾಸ್ಟರ ಕಪಾಟಿನ ಮುರಿದ ಕಾಲಿಗೆ ಆಸರೆಯಾಗಿತ್ತು. ಮೇಷ್ಟ್ರು ಅದನ್ನು ಎಳೆದದ್ದೇ ತಡ, ಕಪಾಟು ವಾಲಿತು. ಹೆಡ್‌ಮಾಸ್ಟರು ಓಡಿ ಬಂದು ಎರಡೂ ಕೈಯಲ್ಲಿ ತಬ್ಬಿ ನಿಂತರು.

"ಬೇಗ ವಾಪಸ್ ತನ್ನಿ, ಮಾರಾಯ್ರೆ."

ಚಪ್ಪಟೆಯಾಗಿದ್ದ ಚೆಂಡಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು ಮೇಷ್ಟ್ರು ಮೈದಾನಕ್ಕೆ ಬಂದರು. ಅಲ್ಲಿ ನೋಡಿದರೆ, ಏಳನೇ ಕ್ಲಾಸಿನ ನಲವತ್ತು ಮಕ್ಕಳೂ ಬಿಸಿಲಲ್ಲಿ ಸಾಲಾಗಿ ಕುಳಿತು ಲೆಕ್ಕದ ಪುಸ್ತಕ ಬಿಚ್ಚಿದ್ದರು.

"ಏನ್ರೋ ಇದು?"

"ಆಟದ ಪೀರಿಯಡ್ಡು ಅಂದ್ರಲ್ಲ ಸರ್."

ಮೇಷ್ಟ್ರು ಚೆಂಡು ಎಸೆದರು. ಮುಂದಿನ ಸಾಲಿನ ಹುಡುಗಿ ಅದಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. "ಇದು ಪರೀಕ್ಷೆಗೆ ಬರುತ್ತಾ ಸರ್?"

ಅಷ್ಟರಲ್ಲಿ ಗೇಟಿನ ಬಳಿ ಸಾಹೇಬರ ಕಾರು ನಿಂತಿತು. ಮೇಷ್ಟ್ರಿಗೆ ದಿಕ್ಕೇ ತೋಚಲಿಲ್ಲ. "ಚೆಂಡು ಯಾರ ಕೈಗೆ ಸಿಗುತ್ತೋ ಅವ್ರಿಗೆ ಒಂದು ತಿಂಗಳು ಹೋಂವರ್ಕ್ ಇಲ್ಲ" ಎಂದು ಕೂಗಿ ಜೋರಾಗಿ ಒದ್ದುಬಿಟ್ಟರು.

ನಲವತ್ತು ಮಕ್ಕಳೂ ಒಟ್ಟಿಗೆ ಎದ್ದರು. ಧೂಳೆದ್ದಿತು, ಬಿದ್ದರು, ಎದ್ದರು, ಕೇಕೆ ಹಾಕಿದರು. ಸ್ವಲ್ಪ ಹೊತ್ತಿಗೆ ಹೋಂವರ್ಕಿನ ಮಾತು ಮರೆತೇಹೋಗಿ ಬರೀ ಆಟವೇ ಉಳಿಯಿತು. ಆ ನಗು ಕೇಳಿ ಮೇಷ್ಟ್ರ ಕಣ್ಣು ತುಂಬಿ ಬಂತು. ಹನ್ನೊಂದು ವರ್ಷ ಇದನ್ನು ಕಳೆದುಕೊಂಡೆನಲ್ಲ ಅಂತ ಹಳಹಳಿಸಿದರು.

ಸಾಹೇಬರು ಬಂದು ಕೈ ಕುಲುಕಿದರು. "ಇಂಥ ಉತ್ಸಾಹ ನಾನೆಲ್ಲೂ ನೋಡಿಲ್ಲ. ನಿಮ್ಮ ಹುದ್ದೆಗೇನೂ ಭಯವಿಲ್ಲ. ನಾಳೆಯಿಂದ ಏಳೂ ಕ್ಲಾಸಿಗೆ ದಿನಾ ಎರಡೆರಡು ಆಟದ ಪೀರಿಯಡ್ಡು. ಈಗ್ಲೇ ಆದೇಶ ಬರೀತೀನಿ."

ಮೇಷ್ಟ್ರು ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಸಂತೋಷದಲ್ಲಿ ಸ್ಟಾಫ್‌ರೂಮಿನ ತನಕ ತೇಲಿ ಬಂದರು. ಬಾಗಿಲಲ್ಲಿ ಮೇಡಂಗೆ ಕೊಟ್ಟ ಮಾತು ನೆನಪಾಯಿತು. ಕಾಲು ಅಲ್ಲೇ ನಿಂತುಬಿಟ್ಟಿತು.

ಆದೇಶದ ಸುದ್ದಿ ಆಗಲೇ ಒಳಗೆ ಮುಟ್ಟಿತ್ತು, ಲೆಕ್ಕದ ಮೇಡಂ ತಲೆ ಮೇಲೆ ಕೈಹೊತ್ತು ಕುಳಿತಿದ್ದರು. "ದಿನಕ್ಕೆ ಹದಿನಾಲ್ಕು. ಎಲ್ಲಾ ನಂದೇ."

"ಕಷ್ಟವಾದ್ರೆ ವಾಪಸ್ ಕೊಟ್ಬಿಡಿ ಮೇಡಂ" ಎಂದರು ಮೇಷ್ಟ್ರು ಆಸೆಯಿಂದ.

"ಕೈಗೆ ಬಂದ ಪೀರಿಯಡ್ಡು ಯಾರಾದ್ರೂ ಬಿಡ್ತಾರಾ ಸರ್? ಆದ್ರೆ ನನ್ನೊಬ್ಬಳ ಕೈಲಾಗಲ್ಲ, ಅರ್ಧ ನೀವು ನೋಡ್ಕೊಳ್ಳಿ." ಮೇಡಂ ಒಂದು ಸೀಮೆಸುಣ್ಣ ತೆಗೆದು ಅವರ ಅಂಗೈಗಿಟ್ಟರು. "ದೊಡ್ಡ ಲೆಕ್ಕ ಏನೂ ಬೇಡ. ಮಗ್ಗಿ ಹೇಳಿಸಿ ಸಾಕು. ನಾಳೆ ಏಳರಿಂದ ಶುರು ಮಾಡಿ."

ಪಕ್ಕದ ಕೋಣೆಯಿಂದ ಹೆಡ್‌ಮಾಸ್ಟರ ದನಿ ಬಂತು. "ಆ ಚೆಂಡು ತನ್ರೀ, ಕೈ ಬಿದ್ದುಹೋಗ್ತಿದೆ."

ಮೇಷ್ಟ್ರು ಮೊಣಕಾಲೂರಿ ಚೆಂಡನ್ನು ಕಪಾಟಿನ ಕೆಳಗೆ ತಳ್ಳಿದರು. ತುಟಿ ತಾನಾಗಿಯೇ ಅಲುಗುತ್ತಿತ್ತು. ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು. ಏಳ್ಮೂರ್ಲಿಗೆ ಬೆವರು ಬಂತು.