ಕಿಟ್ಟಣ್ಣನ ಪಿಕಪ್ಪಿಗೆ ಆಯ ನೋಡಿದ್ದು

ಯುದ್ಧ ಮುಗಿಯಿತು, ಸ್ವಾತಂತ್ರ್ಯವೂ ಬಂತು, ಆದರೆ ಪೇಟೆಗೆ ಸಾಮಾನು ಮಾತ್ರ ಬರಲಿಲ್ಲ ಎಂಬುದು ಬೋವಿಕಾನದ ಕಿಟ್ಟಣ್ಣ ರೈಯ ಆ ಕಾಲದ ಮುಖ್ಯ ತಕರಾರು. ಅಕ್ಕಿಗೆ ಕಾರ್ಡು, ಸೀಮೆಎಣ್ಣೆಗೆ ಸಾಲು, ಪೆಟ್ರೋಲಿಗೆ ಕೂಪನು, ಮೊಳೆಗೆ ಪರ್ಮಿಟ್ಟು. (ಯಾವ ಕಂಟ್ರೋಲೂ ಇಲ್ಲದೆ ಧಾರಾಳವಾಗಿ ಸಿಗುವುದು ಹೆಂಡತಿಯ ಬುದ್ಧಿಮಾತು ಒಂದೇ ಎಂದು ಅವನು ಜಗಲಿಯಲ್ಲಿ ಹೇಳುವುದಿತ್ತು, ಅಡುಗೆಮನೆಗೆ ಕೇಳಿಸದ ಹಾಗೆ.) ಇಂಥ ಕಾಲ ನೋಡಿಯೇ ಅವನಿಗೆ ಒಂದು ಹೊಸ ಪಿಕಪ್ಪು ತೆಗೆಯಬೇಕೆಂಬ ಮಹದಾಲೋಚನೆ ಹೊಳೆಯಿತು.

ಕಿಟ್ಟಣ್ಣನದು ಮದುವೆ ಮುಂಜಿಗಳಿಗೆ ಪಾತ್ರೆ ಬಾಡಿಗೆಗೆ ಕೊಡುವ ವ್ಯವಹಾರ. ಆನೆ ಮೀಯಿಸಬಹುದಾದ ಕೊಪ್ಪರಿಗೆಗಳು, ಹಂಡೆಗಳು, ದೋಣಿಯ ಹುಟ್ಟಿನಂಥ ಸೌಟುಗಳು ಅವನ ಕೊಟ್ಟಿಗೆ ತುಂಬ ಇದ್ದವು. ಅವು ಊರೂರಿಗೆ ಎತ್ತಿನ ಗಾಡಿಯಲ್ಲಿ ಹೋಗಬೇಕಿತ್ತು. "ಮದುವೆಗೆ ಹೊರಟ ಕೊಪ್ಪರಿಗೆ ಮುಟ್ಟುವಾಗ ಮದುಮಗಳ ಸೀಮಂತ ಬಂದಿರ್ತದೆ ಮಾರಾಯ, ಪಿಕಪ್ಪು ಇಲ್ಲದೆ ಆಗುದಿಲ್ಲ" ಎಂದು ಕಿಟ್ಟಣ್ಣ ಸಿಕ್ಕವರಿಗೆಲ್ಲ ಹೇಳಿದ.

ಇದು ಊರಿಗೆ ಹೇಳುವ ಕಾರಣ. ಒಳಗಿನ ಕಾರಣ ಕುಂಜತ್ತೂರಿನ ಮಾವನ ಮನೆಯಲ್ಲಿತ್ತು. ಅಲ್ಲಿಗೆ ಷಡ್ಡಕ ಜಯಪಾಲ, ಅಂದರೆ ಹೆಂಡತಿ ಜಲಜಾಕ್ಷಿಯ ಅಕ್ಕ ಕಮಲಳ ಗಂಡ, ಬಾಡಿಗೆ ಕಾರಿನಲ್ಲಿ ಬಂದು ಬೇಲಿಯ ದಣಪೆಯ ಹತ್ತಿರ ಹಾರನ್ನು ಒತ್ತಿದರೆ ಮನೆ ಮಂದಿಯೆಲ್ಲ ಅಂಗಳಕ್ಕೆ ಓಡಿ ಬರುತ್ತಿದ್ದರು. ಕಿಟ್ಟಣ್ಣ ಬಸ್ಸಿಳಿದು, ಕೊಡೆ ಕಂಕುಳಲ್ಲಿ ಇರುಕಿಸಿಕೊಂಡು, ಬೆವರೊರೆಸುತ್ತ ಬಂದರೆ ಅತ್ತೆ ಅಮ್ಮಣ್ಣಿ ಒಳಗಿನಿಂದಲೇ, "ಯಾರು? ಬೋವಿಕಾನದವರಾ? ಕಾಲು ತೊಳೆದು ಬನ್ನಿ" ಎನ್ನುತ್ತಿದ್ದರು. ಆ 'ಕಾಲು ತೊಳೆದು ಬನ್ನಿ' ಅವನ ಎದೆಯಲ್ಲಿ ಮೀನಿನ ಮುಳ್ಳಾಗಿ ಕೂತಿತ್ತು. ಒಂದೇ ಒಂದು ಸಲ ಸ್ವಂತ ಗಾಡಿಯ ಸೀಟಿನಲ್ಲಿ ಬೆನ್ನು ಒರಗಿಸಿ ಕೂತು ಆ ಅಂಗಳದಲ್ಲಿ ಇಳಿಯಬೇಕು. ಅದಾದರೆ ಜನ್ಮ ಸಾರ್ಥಕ ಎಂದು ಅವನು ತೀರ್ಮಾನಿಸಿದ್ದ.

ಮಂಗಳೂರಿನ ಏಜೆಂಟರು ಹೆಸರು ಬರೆದುಕೊಂಡು, "ಹಡಗು ಹೊರಟಾಗಿದೆ ರೈಗಳೇ, ಇನ್ನು ಬರ್ಲಿಕ್ಕುಂಟು, ಅಷ್ಟೆ" ಎಂದರು. ಅಂದಿನಿಂದ ಕಿಟ್ಟಣ್ಣನ ಭೂಗೋಳ ಜ್ಞಾನ ದಿನೇ ದಿನೇ ವೃದ್ಧಿಸಿತು. ಶಾಲೆಯಲ್ಲಿ ಪಯಸ್ವಿನಿ ಹೊಳೆ ಎಲ್ಲಿ ಹುಟ್ಟುತ್ತದೆಂದು ಹೇಳಲಾರದೆ ಪೆಟ್ಟು ತಿಂದವನು ಈಗ ಸೂಯೆಜ್ ಕಾಲುವೆಯ ಸಂಕಷ್ಟಗಳನ್ನು ಬೀದಿಯಲ್ಲಿ ನಿಂತು ವಿವರಿಸತೊಡಗಿದ.

"ಎಲ್ಲಿಗೆ ಮುಟ್ಟಿತು ನಿಮ್ಮ ಹಡಗು?" ಜಲಜಾಕ್ಷಿ ಗಂಜಿ ಬಡಿಸುತ್ತ ಕೇಳುವಳು.

"ಏಡನ್ನಿಗೆ ಬಂದಿದೆಯಂತೆ."

"ಅದಕ್ಕೆ ಅಲ್ಲಿ ನೆಂಟರು ಉಂಟೋ ಎಂತದೋ! ಹೋದ ಆಟಿ ತಿಂಗಳಲ್ಲಿಯೂ ಅಲ್ಲೇ ಇತ್ತು."

"ನಿನಗೆ ಎಂತ ಗೊತ್ತು? ಲೋಕದಲ್ಲಿ ಕಬ್ಬಿಣವೇ ಇಲ್ಲ ಈಗ."

"ಇಲ್ಲದಿದ್ರೆ ನಿಮ್ಮ ಕೊಡೆಯ ಕಡ್ಡಿ ಕಳಿಸಿಕೊಡಿ. ಅಷ್ಟಾದ್ರೂ ಆಗ್ತದೆ."

ಹೀಗೆ ಮಳೆಗಾಲ ಹೋಗಿ ಮಳೆಗಾಲ ಬಂದು, ಜಲಜಾಕ್ಷಿಯ ತಂಗಿ ಪರಮೇಶ್ವರಿಗೆ ಮದುವೆ ನಿಶ್ಚಯವಾಯಿತು. ಆ ವಾರದಲ್ಲೇ ಏಜೆಂಟರಿಂದ ಗಾಡಿ ಬಂದಿದೆಯೆಂದು ತಂತಿ ಬಂತು. ಕಿಟ್ಟಣ್ಣ ತಂತಿಯನ್ನು ಹಣೆಗೆ ಒತ್ತಿಕೊಂಡು ಅಂಗಳದಲ್ಲಿ ಒಂದು ಸುತ್ತು ಕುಣಿದ. (ತಂತಿ ತಂದವನು ಸಾವಿನ ಸುದ್ದಿಯೆಂದು ಮುಖ ಸಣ್ಣದು ಮಾಡಿ ನಿಂತಿದ್ದ, ಪಾಪ, ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ.) ಮಾವನ ಮನೆಗೆ ಮದುವೆಯ ಪಾತ್ರೆಗಳೂ ತಾವೂ ಪಿಕಪ್ಪಿನಲ್ಲೇ ಬರುವುದೆಂದು ಆ ಕೂಡಲೇ ಹೇಳಿ ಕಳಿಸಿದ. ಬೋವಿಕಾನದಲ್ಲಿ ಡೋಲು ತರಿಸಿ, ಹೂಮಾಲೆ ಕಟ್ಟಿಸಿ, ಡ್ರೈವರ್ ಲೋಕನಾಥನನ್ನು ಕರೆದುಕೊಂಡು ಮಂಗಳೂರಿಗೆ ಹೊರಟ. ಲೋಕನಾಥ ಯುದ್ಧದ ಕಾಲದಲ್ಲಿ ಪಟ್ಟಾಳಕ್ಕೆ ಹೋಗಿ ಬಂದವನು. ಯಾವುದನ್ನು ಕಂಡರೂ "ಬರ್ಮಾದಲ್ಲಿ ಇದಕ್ಕಿಂತ ದೊಡ್ಡದು ನೋಡಿದ್ದೇನೆ" ಎನ್ನುವುದು ಅವನ ಅಭ್ಯಾಸ.

ಮರುದಿನ ಸಂಜೆ ಡೋಲು ಬಡಿಯಿತು. ಜಲಜಾಕ್ಷಿ ಆರತಿ ತಟ್ಟೆ ಹಿಡಿದು ರಸ್ತೆಯ ಬದಿಗೆ ಬಂದಳು. ತಿರುವಿನಲ್ಲಿ ಮೊದಲು ಹೊಳೆಯುವ ಮೂತಿ ಕಂಡಿತು, ಅದರ ಹಿಂದೆ ಚಕ್ರ ತಿರುಗಿಸುವ ಲೋಕನಾಥ ಕಂಡ. ಅವನು ಕೂತದ್ದು ಒಂದು ಸೀಮೆಎಣ್ಣೆ ಪೆಟ್ಟಿಗೆಯ ಮೇಲೆ. ಅವನ ಹಿಂದೆ ಬಾಗಿಲಿಲ್ಲ, ಸೂರಿಲ್ಲ, ಹಲಗೆಯಿಲ್ಲ. ಎರಡು ಉದ್ದ ಕಬ್ಬಿಣದ ತೊಲೆ, ಕೆಳಗೆ ಚಕ್ರ, ಮೇಲೆ ಆಕಾಶ. ತೊಲೆಯನ್ನು ಅಪ್ಪಿಕೊಂಡು, ಕೂದಲೆಲ್ಲ ಕೆಂಪು ಧೂಳಾಗಿ ಕಿಟ್ಟಣ್ಣ.

ಡೋಲು ತಾನಾಗಿ ನಿಂತಿತು.

"ಕಿಟ್ಟಣ್ಣ, ಇದು ಹುಟ್ಟುವಾಗಲೇ ಹೀಗೆಯಾ, ದಾರಿಯಲ್ಲಿ ಬಿದ್ದು ಹೋಯ್ತಾ?" ಗುಂಪಿನಲ್ಲಿ ಯಾರೋ ಕೇಳಿದರು.

"ಎಲ್ಲ ಗಾಡಿಯೂ ಹೀಗೆಯೇ ಬರುದು! ಬಾಡಿ ನಾವೇ ಕಟ್ಟಿಸಬೇಕು. ನಿಮಗೆ ಗೊತ್ತಿಲ್ಲದಿದ್ರೆ ಸುಮ್ಮನೆ ಇರಿ" ಎಂದ ಕಿಟ್ಟಣ್ಣ. (ತನಗೂ ಅಂದು ಬೆಳಿಗ್ಗೆಯಷ್ಟೇ ಗೊತ್ತಾದ ವಿಷಯ.)

"ಮದುಮಗಳನ್ನು ಕೊಟ್ಟೆವು, ಸೀರೆ ನೀವೇ ಉಡಿಸಿಕೊಳ್ಳಿ ಅಂದ ಹಾಗಾಯ್ತು" ಎಂದು ಜಲಜಾಕ್ಷಿ ಮೂತಿಗೆ ಮಾತ್ರ ಆರತಿ ಎತ್ತಿ ಒಳಗೆ ಹೋದಳು.

ಆದರೂ ಕಿಟ್ಟಣ್ಣನ ಉತ್ಸಾಹ ಕುಗ್ಗಲಿಲ್ಲ. ಗಾಡಿಗೆ ಬಾಡಿ ಕಟ್ಟುವವರು ಮಂಗಳೂರಿನಲ್ಲಿ ಇದ್ದರು, ಆದರೆ ಅಲ್ಲಿಯೂ ಸಾಲು. ಬೋವಿಕಾನದಲ್ಲಿ ಕೇಳು ಆಚಾರಿ ಇದ್ದ. ಆ ಸುತ್ತಿನಲ್ಲಿ ಅವನು ಕಟ್ಟಿದ ಒಂದು ಮನೆಯೂ ಅಲುಗಿದ್ದಿಲ್ಲ. ಗಾಡಿ ಅಲುಗಬೇಕಾದ ವಸ್ತು ಎಂಬುದು ಕಿಟ್ಟಣ್ಣನಿಗೆ ಆಗ ಹೊಳೆಯಲಿಲ್ಲ. "ಆಚಾರಿ, ಮನೆಯ ಹಾಗೆ ಗಟ್ಟಿ ಇರಬೇಕು. ನನ್ನ ಅಳಿಯನ ಅಳಿಯನ ಕಾಲಕ್ಕೂ ಬರಬೇಕು" ಎಂದ.

ಕೇಳು ಆಚಾರಿ ಗಾಡಿಗೆ ಒಂದು ಪ್ರದಕ್ಷಿಣೆ ಬಂದು, ಎಲೆಯಡಿಕೆ ಬಾಯಿಗೆ ಹಾಕಿಕೊಂಡು, "ಯಜಮಾನ್ರ ನಕ್ಷತ್ರ ಯಾವುದು?" ಎಂದು ಕೇಳಿದ.

"ವಿಶಾಖ. ಎಂತಕ್ಕೆ?"

"ಎಂತಕ್ಕೆ ಅಂದ್ರೆ! ಆಯ ನೋಡದೆ ಅಳತೆಕೋಲು ಹಿಡೀಲಿಕ್ಕೆ ಆಗ್ತದಾ? ಒಳಗೆ ಮನುಷ್ಯರು ಕೂರುದಲ್ವಾ?"

ಮನೆ ಕಟ್ಟುವಾಗ ಉದ್ದಗಲ ಯಜಮಾನನ ನಕ್ಷತ್ರಕ್ಕೆ ಹೊಂದಬೇಕೆಂದು ನೋಡುವ ಲೆಕ್ಕವೇ ಆಯ. ವಿಲಾಯತಿಯ ಕಂಪೆನಿಯವರು ಅದನ್ನು ನೋಡಿರಲಿಲ್ಲ. ಆಚಾರಿ ಅಳೆದು, ಬೆರಳು ಮಡಚಿ, ಹುಬ್ಬು ಗಂಟಿಕ್ಕಿದ.

"ಅಳತೆಗೂ ವಯಸ್ಸು ಉಂಟು. ಅವರದ್ದಕ್ಕೆ ಮರಣ ಬರ್ತದೆ. ಉದ್ದಕ್ಕೂ ಅಗಲಕ್ಕೂ ಒಂದೊಂದು ಗೇಣು ಹೆಚ್ಚಿಸಿದ್ರೆ ಯೌವನ."

"ಯೌವನವೇ ಇರಲಿ!" ಎಂದ ಕಿಟ್ಟಣ್ಣ.

"ಗಾಡಿಗಾದ್ರೂ ಇರಲಿ" ಎಂದಳು ಒಳಗಿನಿಂದ ಜಲಜಾಕ್ಷಿ.

"ಮುಖ ಯಾವ ದಿಕ್ಕಿಗೆ?" ಆಚಾರಿ ಮುಂದುವರಿಸಿದ.

"ಹೋಗುವಾಗ ಪಡುವಣಕ್ಕೆ, ಬರುವಾಗ ಮೂಡಣಕ್ಕೆ."

ಹೋಗುವಾಗೊಂದು ಬರುವಾಗೊಂದು ದಿಕ್ಕಿಗೆ ಮುಖ ಮಾಡುವ ಮನೆಯನ್ನು ಆಚಾರಿಯ ವಂಶದಲ್ಲಿ ಯಾರೂ ಕಟ್ಟಿರಲಿಲ್ಲ. ಅವನು ಬಹಳ ಹೊತ್ತು ಜಗಿದು, ನಾಲ್ಕು ದಿಕ್ಕಿಗೂ ಮುಖ ಇಡುವುದೇ ಕ್ಷೇಮವೆಂದು ನಿರ್ಧರಿಸಿದ. ಅಂಗಳದ ಅಂಚಿನಲ್ಲಿ ಕಾವಲುಗಾರನ ಹಾಗೆ ನಿಂತಿದ್ದ ಹಳೆಯ ಹಲಸು ಉರುಳಿತು. ಕಡೆದ ಕಂಬಗಳು, ಜಂತಿ, ಸೂರಿಗೆ ಪಕ್ಕಾಸು, ಮುಂದೆ ಡ್ರೈವರನ ಪೆಟ್ಟಿಗೆಯ ಪಕ್ಕ ಇಬ್ಬರು ಒರಗಿ ಕೂರುವ ಅಗಲದ ಆಸನ, ಹಿಂದೆ ಮರದ ಸರಳುಗಳ ದಳಿ ಹಾಕಿದ ಕಿಟಕಿ! ಮೊಳೆಗೆ ಪರ್ಮಿಟ್ಟು ಸಿಗದ ಕಾರಣ ಎಲ್ಲವನ್ನೂ ಮರದ ಬೆಣೆ ಹೊಡೆದೇ ಕೂಡಿಸಿದ. ಕೊನೆಗೆ ಊರಿನ ಗಂಡಸರೆಲ್ಲ ಸೇರಿ ಎತ್ತಿ, ತೊಲೆಗಳ ಮೇಲಿಟ್ಟು, ನಾಲ್ಕು ಬೋಲ್ಟು ಬಿಗಿದರು. ಗಾಡಿ "ಹ್ಮ್" ಎಂದು ಮೊಣಕಾಲು ಮಡಚಿತು. ಕಿಟ್ಟಣ್ಣ ದೂರ ನಿಂತು ನೋಡಿ ಕಣ್ಣೊರೆಸಿಕೊಂಡ. ಇಷ್ಟು ಚಂದದ ವಸ್ತು ತನ್ನದೆಂದು ಅವನಿಗೆ ನಂಬಿಕೆಯೇ ಬರಲಿಲ್ಲ.

"ಬರ್ಮಾದಲ್ಲಿಯೂ ಇಂಥದ್ದು ನೋಡ್ಲಿಲ್ಲ" ಎಂದ ಲೋಕನಾಥ. ಅದನ್ನು ಹೊಗಳಿಕೆಯೆಂದೇ ಕಿಟ್ಟಣ್ಣ ತಿಳಿದ.

ಮದುವೆಯ ಹಿಂದಿನ ದಿನ ಬೆಳಕು ಹರಿಯುತ್ತಲೇ ಕೊಪ್ಪರಿಗೆಗಳನ್ನು ಏರಿಸಿ, ಜಲಜಾಕ್ಷಿ ರೇಷ್ಮೆಯ ಪಟ್ಟೆಸೀರೆಯಲ್ಲಿ ಆಸನದ ಮೇಲೆ ವಿರಾಜಮಾನಳಾದಳು. ಕಿಟ್ಟಣ್ಣ ಜರಿ ಶಾಲು ಹೊದೆದು ಒಂದು ಕಾಲು ಮೆಟ್ಟಿಲ ಮೇಲಿಟ್ಟ. ಗಾಡಿ ಗುರುಗುಟ್ಟಿತು, ನಡುಗಿತು, ಹೊಗೆ ಬಿಟ್ಟಿತು. ಮುಂದೆ ಹೋಗಲಿಲ್ಲ.

"ಸ್ವಲ್ಪ ದೂಡಿದ್ರೆ ಹೋಗ್ತದೆ" ಎಂದ ಲೋಕನಾಥ.

ಕಿಟ್ಟಣ್ಣ ಇಳಿದು ದೂಡಿದ. ಹೋಯಿತು. ಹತ್ತಬೇಕೆನ್ನುವಾಗ ಏರು ಬಂತು, ಮತ್ತೆ ದೂಡಿದ. ಏರು ಮುಗಿದು ಇಳಿಜಾರು ಬಂತಲ್ಲ, ಇನ್ನು ಕೂರಬಹುದೆಂದರೆ, "ಅಯ್ಯೋ, ಇಷ್ಟು ಭಾರಕ್ಕೆ ಬ್ರೇಕು ಹಿಡಿಯುದಿಲ್ಲ. ನೀವು ಚಕ್ರಕ್ಕೆ ಕೊಡ್ಲಿಕ್ಕೆ ಕಲ್ಲು ಹಿಡ್ಕೊಂಡು ಓಡಿ ಬನ್ನಿ" ಎಂದ ಲೋಕನಾಥ. ಹೀಗೆ ಏರಿನಲ್ಲಿ ದೂಡುತ್ತ, ಇಳಿಜಾರಿನಲ್ಲಿ ಕಲ್ಲು ಹೊತ್ತು ಓಡುತ್ತ ಕಿಟ್ಟಣ್ಣನ ಪ್ರಥಮ ವಾಹನ ಪ್ರಯಾಣ ಸಾಗಿತು. ಜಲಜಾಕ್ಷಿ ಇಳಿಯುತ್ತೇನೆಂದಳು. ಪಟ್ಟೆಸೀರೆ ಹಾಳಾಗುತ್ತದೆಂದು ಅವನೇ ಬೇಡವೆಂದ.

ನಾಯ್ಮಾರ್ಮೂಲೆಯ ಜಂಕ್ಷನ್ನಿನಲ್ಲಿ ಗಾಡಿ ಸಂಪೂರ್ಣ ಮೌನವ್ರತ ಹಿಡಿಯಿತು. ಪೆಟ್ರೋಲು ಅರ್ಧಕ್ಕಿಂತ ಹೆಚ್ಚು ಉರಿದಿತ್ತು, ಕೂಪನು ಮುಗಿದಿತ್ತು, ಕುಂಜತ್ತೂರು ಇನ್ನೂ ಎಲ್ಲೋ ಇತ್ತು.

"ಈ ಗಾಡಿ ಬಾಡಿಯನ್ನು ಹೊರಲಿಕ್ಕೇ ಹುಟ್ಟಿದ ಹಾಗೆ ಉಂಟು" ಎಂದ ಲೋಕನಾಥ. "ಪಾತ್ರೆ ಬಿಡಿ, ಇಲ್ಲ ಬಾಡಿ ಬಿಡಿ."

"ಪಾತ್ರೆ ಬಿಟ್ರೆ ಸಂಜೆಗೆ ಎಂತದ್ರಲ್ಲಿ ಅಡುಗೆ? ನಿಮ್ಮ ಜರಿ ಶಾಲಿನಲ್ಲಿಯಾ?" ಎಂದಳು ಜಲಜಾಕ್ಷಿ. "ತೆಗೆಯಿರಿ ಬೋಲ್ಟು."

"ಜಲಜಾ, ಇದಿಲ್ಲದೆ ನಾನು ಕೂರುದು ಎಲ್ಲಿ?"

"ಇದಿದ್ದೂ ನೀವು ಕೂತದ್ದು ಎಲ್ಲಿ?"

ಕಿಟ್ಟಣ್ಣ ಶಾಲು ಸೊಂಟಕ್ಕೆ ಬಿಗಿದು ಬೋಲ್ಟು ಬಿಚ್ಚಿದ. ಜಂಕ್ಷನ್ನಿನ ಜನ ಹೋ ಎಂದು ಸೇರಿ ಬಾಡಿಯನ್ನು ಎತ್ತಿ ಆಲದ ಮರದ ಕೆಳಗೆ ಇಟ್ಟರು. ಅಲ್ಲೇ ನೆರಳಿಗೆ ಗೋಣಿ ಕಟ್ಟಿ ಚಾ ಮಾರುತ್ತಿದ್ದ ಅಂದುಂಞಿಗೆ, "ಸ್ವಲ್ಪ ನೋಡ್ಕೊಳ್ಳಿ ಮಾರಾಯ್ರೆ" ಎಂದು ಒಪ್ಪಿಸಿದ್ದಾಯಿತು. ತೊಲೆಗಳಿಗೆ ಅಡ್ಡ ಹಲಗೆ ಹಾಕಿ, ತೆಂಗಿನ ಹಗ್ಗದಿಂದ ಕೊಪ್ಪರಿಗೆಗಳನ್ನು ಕಟ್ಟಿದರು. ಜಲಜಾಕ್ಷಿ ಅತ್ತಿತ್ತ ನೋಡಿ, ಸೀರೆಯ ನೆರಿಗೆ ಹಿಡಿದು, ಅತಿ ದೊಡ್ಡ ಕೊಪ್ಪರಿಗೆಯೊಳಗೆ ಇಳಿದು ಕೂತಳು. ಕಿಟ್ಟಣ್ಣ ಅದರ ಬಳೆ ಹಿಡಿದು ತೊಲೆಯ ಮೇಲೆ ನಿಂತ. ಹಗುರಾದ ಗಾಡಿ ಬಿಟ್ಟ ಕರುವಿನ ಹಾಗೆ ಓಡಿತು. (ದಾರಿಯ ಹೊಳೆಗಳನ್ನು ಹೇಗೆ ದಾಟಿದರೆಂದು ಕೇಳಬೇಡಿ, ಕಿಟ್ಟಣ್ಣ ಅದನ್ನು ಇಂದಿಗೂ ಹೇಳುವುದಿಲ್ಲ.)

ಕುಂಜತ್ತೂರಿನ ಅಂಗಳಕ್ಕೆ ಅವರು ನುಗ್ಗಿದ್ದೇ ತಡ, ಚಪ್ಪರದಲ್ಲಿದ್ದವರೆಲ್ಲ ಎದ್ದು ಬಂದರು. ಕೊಪ್ಪರಿಗೆಯೊಳಗಿಂದ ಜಲಜಾಕ್ಷಿ ಮೆಲ್ಲಗೆ ಎದ್ದು ನಿಂತಳು. ಬಿಸಿಲಿಗೆ ಪಟ್ಟೆಸೀರೆಯೂ ಕೊಪ್ಪರಿಗೆಯ ತಾಮ್ರದ ಬಾಯಿಯೂ ಝಗಝಗಿಸಿದವು. ಮಕ್ಕಳು ಕೇಕೆ ಹಾಕಿದರು. ಕಾರಿನಲ್ಲಿ ಬಂದಿದ್ದ ಕಮಲ ಓಡಿ ಬಂದು, "ಏ ಜಲಜಾ, ನನ್ನನ್ನೂ ಒಂದು ಸುತ್ತು ಕೂರಿಸೇ!" ಎಂದಳು. ಮದುಮಗಳು ಪರಮೇಶ್ವರಿಯೂ ತಾನು ಗಂಡನ ಮನೆಗೆ ಹೋಗುವುದಾದರೆ ಹೀಗೆಯೇ ಎಂದು ಹಟ ಹಿಡಿದಳು. ಜಯಪಾಲ ಗಾಡಿಯ ಸುತ್ತ ಬಂದು, "ಲೋಕನಾಥ, ಎಲ್ಲಿ ಸಿಗ್ತದೆ ಇದು?" ಎಂದು ಕೇಳತೊಡಗಿದ. ಮಾವನವರು ಲೋಕನಾಥನಿಗೆ ತಾವೇ ಎಳನೀರು ಕೊಟ್ಟರು.

ಆಗ ಕೊಪ್ಪರಿಗೆಯ ಹಿಂದಿನಿಂದ, ಅದರ ಹೊರಮೈಯ ಮಸಿಯನ್ನೆಲ್ಲ ಮೈಗೆ ಬಳಿದುಕೊಂಡ ಒಂದು ಆಕೃತಿ ಇಳಿಯಿತು.

"ಇದು ಯಾರು?" ಎಂದರು ಅತ್ತೆ ಅಮ್ಮಣ್ಣಿ.

"ನಾನು, ಬೋವಿಕಾನದವ" ಎಂದ ಕಿಟ್ಟಣ್ಣ.

"ಹೌದಾ! ಮಿಂದೇ ಬನ್ನಿ" ಎಂದರು ಅವರು.

ಮದುವೆಯ ಗಲಾಟೆ ಮುಗಿಸಿ ಮರಳುವಾಗ ಕಿಟ್ಟಣ್ಣನಿಗೆ ಒಂದೇ ಯೋಚನೆ. ಬಾಡಿಯ ಕಂಬಗಳನ್ನು ಕೆತ್ತಿ ಹಗುರ ಮಾಡಿಸಬೇಕು, ಇನ್ನೊಮ್ಮೆ ಸರಿಯಾಗಿ ಕೂತು ಹೋಗಬೇಕು. ನಾಯ್ಮಾರ್ಮೂಲೆ ಮುಟ್ಟಿದಾಗ ಆಲದ ಕೆಳಗೆ ಸಂತೆಯಂಥ ಜನ. ಬಾಡಿಯ ನಾಲ್ಕು ಮುಖದಿಂದಲೂ ಗಿರಾಕಿಗಳು ಒಳಗೆ ಹೊರಗೆ ಓಡಾಡುತ್ತಿದ್ದರು. ದಳಿಯ ಕಿಟಕಿಯಿಂದ ಹೊಗೆ ಬರುತ್ತಿತ್ತು. ಪಕ್ಕಾಸಿನಿಂದ ಬಾಳೆಗೊನೆ ತೂಗುತ್ತಿತ್ತು.

"ಎಂತ ಇದು ಅಂದುಂಞಿ? ನಾನು ನೋಡ್ಕೊಳ್ಳಿಕ್ಕೆ ಅಲ್ವಾ ಹೇಳಿದ್ದು?"

"ಅದೇ ಮಾಡಿದ್ದು ರೈಗಳೇ. ಹೊರಗೆ ನಿಂತು ನೋಡುದಕ್ಕಿಂತ ಒಳಗೆ ಕೂತು ನೋಡುದು ಒಳ್ಳೇದು ಅಂತ ಕಂಡಿತು. ಎಂತ ಜಾಗ ಮಾರಾಯ್ರೆ! ಬಂದವರು ಏಳುದೇ ಇಲ್ಲ."

ಕಿಟ್ಟಣ್ಣ ಬಾಯಿ ತೆರೆಯುವುದರೊಳಗೆ ಜಲಜಾಕ್ಷಿ ಕೊಪ್ಪರಿಗೆಯಿಂದ ತಲೆ ಹೊರಗೆ ಹಾಕಿ ವ್ಯವಹಾರ ಮುಗಿಸಿದ್ದಳು. ಬಾಡಿ ಅಲ್ಲೇ ಇರುವುದು, ಅಂದುಂಞಿ ತಿಂಗಳು ತಿಂಗಳು ಬಾಡಿಗೆ ಕೊಡುವುದು, ರೈಗಳಿಗೆ ಯಾವಾಗ ಬಂದರೂ ಚಾ ಪುಕ್ಕಟೆ.

ಸೋತ ಕಿಟ್ಟಣ್ಣ ಒಳಗೆ ಹೋದ. ಮುಂದಿನ ಅಗಲದ ಆಸನದ ಒಂದು ಮೂಲೆ ಖಾಲಿಯಿತ್ತು. ಕೂತ. ಬೆನ್ನು ಒರಗಿಸಿದ. ಆಹಾ! ಬೆನ್ನಿಗೆ ಅಳತೆ ತೆಗೆದು ಮಾಡಿದ ಹಾಗಿತ್ತು. ಎದುರಿಗೆ ರಸ್ತೆ ಉದ್ದಕ್ಕೆ ಬಿದ್ದಿತ್ತು, ಜನ ಅವನನ್ನೇ ನೋಡುತ್ತಿದ್ದರು, ಕೈಯಲ್ಲಿ ಬಿಸಿ ಚಾ. ತನ್ನ ಪಿಕಪ್ಪಿನಲ್ಲಿ ತಾನು ಕೂತಿದ್ದೇನೆ ಎಂದು ಅವನ ಎದೆ ಉಬ್ಬಿ ಬಂತು. ಕಣ್ಣು ಮುಚ್ಚಿ ಇನ್ನೊಂದು ಗುಟುಕು ಕುಡಿದ.

"ರೈಗಳೇ, ಚಾ ಆಯ್ತಲ್ಲ?" ಅಂದುಂಞಿ ಲೋಟ ತೆಗೆದುಕೊಳ್ಳುತ್ತ ವಿನಯದಿಂದ ಹೇಳಿದ. "ಸ್ವಲ್ಪ ಎದ್ರೆ ಆಗ್ತಿತ್ತು. ಜಾಗಕ್ಕೆ ಜನ ಕಾಯ್ತಾ ಉಂಟು."

ಅದೇ ಹೊತ್ತಿಗೆ ಹೊರಗಿನಿಂದ, ತಾಮ್ರದೊಳಗೆ ಗುಂಯ್ಗುಟ್ಟುವ ಜಲಜಾಕ್ಷಿಯ ದನಿ ಕೇಳಿಸಿತು. "ಬನ್ನಿ ಮಾರಾಯ್ರೆ, ಎಷ್ಟು ಹೊತ್ತು ಕೂರುದು ಅಲ್ಲಿ? ಗಾಡಿ ಸ್ಟಾರ್ಟ್ ಆಗುದಿಲ್ಲವಂತೆ!"

ಕಿಟ್ಟಣ್ಣ ಎದ್ದು, ಮುಂಡು ಎತ್ತಿ ಕಟ್ಟಿ, ದೂಡಲು ಹೋದ.